ಗೋಡೆಗೆ ಮುಖ ಮಾಡಿದ ಕುರ್ಚಿ

ಅವನು ಅವಳ ತಟ್ಟೆಯನ್ನು ಎತ್ತಿ ಮೇಜಿನ ಆ ಬದಿಗೆ ಇಟ್ಟುಬಿಟ್ಟ.

ಫೋರ್ಕಿಗೆ ಚುಚ್ಚಿಕೊಂಡಿದ್ದ ಆಲೂಗಡ್ಡೆಯ ತುಂಡು ಅವಳ ಬಾಯಿಯ ಹತ್ತಿರ ಹಾಗೇ ನಿಂತಿತು. ಮುಖ ಪರಿಚಯವೂ ಇಲ್ಲದ ಗಂಡಸು. ಭಾನುವಾರ ಮಧ್ಯಾಹ್ನ ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಪ್ಲಾಯರ್ ಅವನನ್ನು ಕರೆತಂದು, ಅವಳ ಎದುರಿನ ಖಾಲಿ ಕುರ್ಚಿ ತೋರಿಸಿ ಹೋಗಿದ್ದ, ಅಷ್ಟೇ.

"ಏನ್ರೀ ಇದು?"

"ನೀವು ಆ ಕಡೆ ಕೂತ್ಕೊಳ್ತೀರಾ? ನಾನು ಗೋಡೆಗೆ ಬೆನ್ನು ಕೊಟ್ಟು ಕೂರ್ಬೇಕು."

ತಟ್ಟೆ ಎತ್ತಿಟ್ಟ ಮೇಲೆ ಕೇಳುವ ಅನುಮತಿ! ಜಗಳಕ್ಕೆ ಇಷ್ಟು ಸಾಕಾಗಿತ್ತು. ಆದರೆ ಅವನ ಕಿವಿಯ ತುದಿಗಳು ನಾಚಿಕೆಯಿಂದ ಕೆಂಪಾಗಿದ್ದವು. ಯಾರನ್ನು ನೋಡಿದರೂ ಅವಳ ಕಣ್ಣು ಮೊದಲು ಹೋಗುವುದು ಕಿವಿಗೇ. ಚೆಂದದ ಕಿವಿಗಳು ಅನ್ನಿಸಿತು. ಎದ್ದು ಜಾಗ ಬದಲಾಯಿಸಿದಳು.

ಈಗ ಅವಳ ಮುಂದೆ ಗೋಡೆ. ಗೋಡೆಯ ಮೇಲೆ ಬೆಂಕಿ ಆರಿಸುವ ಕೆಂಪು ಸಿಲಿಂಡರು, ಅದನ್ನು ಬಳಸುವ ವಿಧಾನ. ಅದನ್ನು ಎರಡು ಸಲ ಓದಿ ಮುಗಿಸುವ ಹೊತ್ತಿಗೆ ಅವನು ಕ್ಷಮೆ ಕೇಳಿಯಾಗಿತ್ತು. ಮಾತು ಶುರುವಾಯಿತು.

ಅವನದು ಚಿತ್ರಗಳಿಗೆ ಫ್ರೇಮ್ ಹಾಕುವ ಅಂಗಡಿ. ಅವಳು ಕಿವಿ ಪರೀಕ್ಷೆ ಮಾಡುವವಳು. ಸದ್ದು ನುಗ್ಗದ ಪುಟ್ಟ ಕೋಣೆಯೊಳಗೆ ಜನರನ್ನು ಕೂರಿಸಿ, ಹೆಡ್‌ಫೋನ್ ಹಾಕಿ, ಬೀಪ್ ಎಂದಾಗೆಲ್ಲ ಗುಂಡಿ ಒತ್ತಿ ಎನ್ನುವುದು. ತಾನು ಹೊರಗೆ ಕೂತು ಗಾಜಿನ ಮೂಲಕ ಅವರ ಮುಖ ನೋಡುವುದು. ಅಜ್ಜಂದಿರು ಅವಳನ್ನು 'ಬೀಪ್ ಮೇಡಂ' ಅನ್ನುತ್ತಾರೆ. ಅರ್ಧ ಜನ ಕೇಳಿಸದಿದ್ದರೂ ತಲೆಯಾಡಿಸುತ್ತಾರೆ, ಆ ಸುಳ್ಳನ್ನು ನಾನು ಒಂದೇ ನಿಮಿಷದಲ್ಲಿ ಹಿಡಿಯುತ್ತೇನೆ ಎಂದು ಅವಳು ಜಂಭ ಕೊಚ್ಚಿಕೊಂಡಳು.

ಆಮೇಲೆ, ಯಾಕೋ, ಯಾರಿಗೂ ಹೇಳದ ಒಂದು ಮಾತು ಹೇಳಿದಳು.

"ವಾರದಲ್ಲಿ ಆರು ದಿನ ಕಿರುಚ್ತೀನಿ. ಭಾನುವಾರ ಒಂದಿನ ಮೆಲ್ಲಗೆ ಮಾತಾಡೋಣ ಅನ್ಸುತ್ತೆ. ಕೇಳಿಸಿಕೊಳ್ಳೋವ್ರು ಸಿಗ್ಬೇಕಲ್ಲ."

ಅವನು ಅವಳ ಬಾಯಿಯನ್ನೇ ನೋಡುತ್ತಿದ್ದ. ರೆಪ್ಪೆ ಮಿಟುಕಿಸದೆ.

'ಈ ಮನುಷ್ಯ ಯಾಕೆ ಹೀಗೆ ನೋಡ್ತಾನೆ…' ಅವಳ ಕೆನ್ನೆ ಬಿಸಿಯಾಯಿತು.

ಅಲ್ಲಿಂದ ಮೂರು ತಿಂಗಳು, ಒಂದೂ ಭಾನುವಾರ ತಪ್ಪಲಿಲ್ಲ.

ಹೆಚ್ಚಾಗಿ ಹೊಸ ಹೊಸ ಜಾಗ. ನೂಡಲ್ಸ್ ಅಂಗಡಿ, ಬೇಕರಿಯ ಮಹಡಿ, ಮೀನಿನ ತೊಟ್ಟಿಯಿದ್ದ ಒಂದು ಹೋಟೆಲು. ಊಟವಾದ ಮೇಲೆ ಹಳೇ ಪುಸ್ತಕಗಳ ಸಾಲು ಸುತ್ತುವುದು, ಐಸ್‌ಕ್ರೀಮ್ ಕರಗುವ ಮುಂಚೆ ಒಂದು ಬೀದಿ ದಾಟುವುದು. ಇಷ್ಟೇ. ಇಷ್ಟರಲ್ಲೇ ಅವಳ ಸೋಮವಾರದಿಂದ ಶನಿವಾರದವರೆಗಿನ ದಿನಗಳು ಭಾನುವಾರದ ಕಡೆಗೆ ವಾಲತೊಡಗಿದವು.

ಆದರೂ ಒಂದು ಮುಳ್ಳು.

ಎಲ್ಲಿ ಹೋದರೂ ಗೋಡೆಗೆ ಬೆನ್ನು ಕೊಟ್ಟ ಕುರ್ಚಿ ಅವನದು, ಗೋಡೆಗೆ ಮುಖ ಮಾಡಿದ್ದು ಅವಳದು. ಊಟದ ಸಮಯಕ್ಕಲ್ಲ, ಜನ ಖಾಲಿಯಾದ ಮೂರು ಗಂಟೆಗೆ ಕರೆಯುತ್ತಿದ್ದ. ಫೋನ್ ಬಂದರೆ ಎದ್ದು ಹೊರಗೆ ಹೋಗುತ್ತಿದ್ದ, ಒಮ್ಮೆಯೂ ಅವಳೆದುರು ಮಾತಾಡಿದ್ದಿಲ್ಲ. ಬೀದಿಯಲ್ಲಿ ನಡೆಯುವಾಗ ಸರಕ್ಕನೆ ಸುತ್ತು ಹಾಕಿ ಅವಳ ಎಡಕ್ಕೇ ಬರುತ್ತಿದ್ದ.

ಅವಳು ಇದನ್ನೆಲ್ಲ ಅಕ್ಕನಿಗೆ ಹೇಳಬಾರದಿತ್ತು. ಇಬ್ಬರೂ ಇರುವುದು ಒಂದೇ ಮನೆಯಲ್ಲಿ, ಬಾಯಿ ಸುಮ್ಮನಿರಬೇಕಲ್ಲ. ಅಕ್ಕ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಅಂದರೆ ವಿಷಯ ಗಂಭೀರ.

"ಗೋಡೆಗೆ ಬೆನ್ನು ಕೊಟ್ಟು ಬಾಗಿಲು ನೋಡ್ತಾ ಕೂರೋವ್ರು ಇಬ್ರೇ ಕಣೇ. ಒಬ್ಬ ಪೊಲೀಸು. ಇನ್ನೊಬ್ಬ ಹೆಂಡತಿ ಇರೋವ್ನು."

"ಅವನಿಗೆ ಮದುವೆ ಆಗಿಲ್ಲ ಅಕ್ಕ."

"ಹಾಗಂತ ಯಾರು ಹೇಳಿದ್ದು? ನಿನ್ನ ಗೋಡೆರಾಯನೇ ತಾನೆ?"

ಅಂದಿನಿಂದ ಮನೆಯಲ್ಲಿ ಅವನ ಹೆಸರು ಗೋಡೆರಾಯ. ಅವಳೂ ನಕ್ಕಳು. ಆದರೆ ಅಕ್ಕ ನಗುತ್ತಿರಲಿಲ್ಲ. ಎರಡು ವರ್ಷದ ಹಿಂದೆ ತಂಗಿಗೆ ನಿಶ್ಚಯವಾಗಿದ್ದ ಮದುವೆ ಮುರಿದಾಗ, ಆ ಗಂಡಿಗೆ ಇನ್ನೊಬ್ಬಳಿದ್ದಾಳೆಂದು ಅವನ ಆಫೀಸಿಗೆಲ್ಲ ಗೊತ್ತಿತ್ತು, ಕೊನೆಯಲ್ಲಿ ಗೊತ್ತಾದದ್ದು ಅವಳಿಗೆ. ಹಾಲಿನಲ್ಲಿ ಬಾಯಿ ಸುಟ್ಟುಕೊಂಡವಳು ಮಜ್ಜಿಗೆಯನ್ನೂ ಊದಿ ಕುಡಿಯಬೇಕು ಎಂದು ಅಕ್ಕನ ವಾದ.

ಊದಿದರೆ ತಪ್ಪೇನು? ಅವಳು ಗಮನಿಸತೊಡಗಿದಳು.

ಮುಂದಿನ ಭಾನುವಾರ ಮತ್ತೆ ಬೇಕರಿಯ ಮಹಡಿಯಲ್ಲಿ ಕೂತಿದ್ದರು. ಈ ವಾರ ಮೇಜುಗಳನ್ನೆಲ್ಲ ಬೇರೆ ಥರ ಜೋಡಿಸಿದ್ದರು. ಸಪ್ಲಾಯರ್ ಹುಡುಗಿ ಬಂದವಳೇ ಅವನ ಮುಂದೆ ಒಂದು ಮಡಿಸುವ ಅಳತೆಪಟ್ಟಿ ಇಟ್ಟಳು. ಫ್ರೇಮಿನವರು ಇಟ್ಟುಕೊಳ್ಳುವಂಥದ್ದು.

"ನಿನ್ನೆ ಇಲ್ಲೇ ಬಿಟ್ಟು ಹೋಗಿದ್ರಿ ಸರ್. ಇವತ್ತೂ ಎರಡು ಕಾಫಿನಾ?"

ನಿನ್ನೆ. ಎರಡು ಕಾಫಿ.

ಶನಿವಾರ ಅಂಗಡಿ ಬಿಟ್ಟು ಅಲ್ಲಾಡಲು ಆಗುವುದಿಲ್ಲ ಎಂದು ಹೇಳಿದ್ದವನು ಇವನೇ. ಅವಳೇನೂ ಕೇಳಿರಲಿಲ್ಲ, ಆದರೂ ಅವನು ಗಿರಾಕಿಯೊಬ್ಬರ ಕತೆ ಶುರು ಮಾಡಿದ, ನಡುವೆ ತಡವರಿಸಿ ನಿಲ್ಲಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಅದರ ಹಿಂದಿನ ವಾರ ನೂಡಲ್ಸ್ ಅಂಗಡಿಯ ಕೌಂಟರಿನವಳು 'ಮತ್ತೆ ಅದೇ ಮೂಲೇನಾ?' ಅಂದದ್ದು ಈಗ ನೆನಪಾಯಿತು. ಮೀನಿನ ತೊಟ್ಟಿಯ ಹೋಟೆಲಿನವನು ಇವನನ್ನು ನೋಡಿ ಕಣ್ಣು ಮಿಟುಕಿಸಿದ್ದೂ.

'ಶನಿವಾರ ಅವಳ ಜೊತೆ. ಭಾನುವಾರ ಅದೇ ಜಾಗ, ಅದೇ ಮೇಜು, ನನ್ನ ಜೊತೆ…' ಅವಳು ಕೇಕಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ಆದರೂ ಅದೇ ಸಂಜೆ ಅವಳು ಸೋತಳು. ಪಾರ್ಕಿನ ಕೊಳದಲ್ಲಿ ಕಾಲಿನಿಂದ ತುಳಿಯುವ ದೋಣಿಗಳಿದ್ದವು. ಅವಳು ಮೊದಲು ಹತ್ತಿ ಎಡಗಡೆಯ ಸೀಟಿನಲ್ಲಿ ಕೂತಳು. ಅವನು ದಡದಲ್ಲೇ ನಿಂತು, ಜಾಗ ಬದಲಾಯಿಸೋಣವೇ ಎಂದ. ದೋಣಿಯವನು ಗದರಿದ, ಎದ್ದು ನಿಂತರೆ ಮಗುಚುತ್ತದೆ. ಅವನು ಒಲ್ಲದ ಮನಸ್ಸಿನಿಂದ ಬಲಕ್ಕೆ ಕೂತ.

ನೀರಿನ ನಡುವೆ ಬಂದಾಗ ಬಿಸಿಲು ಇಳಿದಿತ್ತು. ಅನುಮಾನವನ್ನೆಲ್ಲ ಒಂದು ಕಡೆಗೆ ಸರಿಸಿ, ತನ್ನ ಮೊಣಕಾಲು ನೋಡುತ್ತ, ಮೆಲ್ಲಗೆ ಹೇಳಿಬಿಟ್ಟಳು.

"ನೀವು ನಂಗೆ ಅಭ್ಯಾಸ ಆಗ್ಬಿಟ್ಟಿದ್ದೀರಿ. ಇನ್ನು ಬಿಡೋಕಾಗಲ್ಲ."

ಅವನು ಬಾತುಕೋಳಿ ನೋಡುತ್ತಿದ್ದ. ಆಮೇಲೆ ಒಮ್ಮೆ ಅವಳ ಕಡೆ ತಿರುಗಿ, ಮತ್ತೆ ಬಾತುಕೋಳಿಯನ್ನೇ ನೋಡಿದ. ಒಂದು ಮಾತಿಲ್ಲ, ಒಂದು ನಗುವಿಲ್ಲ.

ದಡಕ್ಕೆ ಬಂದ ಮೇಲೆ, ಏನೂ ಆಗಿಲ್ಲವೆಂಬಂತೆ, ಮುಂದಿನ ಭಾನುವಾರ ಸೇತುವೆ ಪಕ್ಕದ ಸೂಪಿನ ಹೋಟೆಲಿಗೆ ಹೋಗೋಣ ಎಂದ. "ಅಲ್ಲಿ ನಿಮ್ಮನ್ನ ಒಂದು ಮಾತು ಕೇಳ್ಬೇಕು. ಮುಖ್ಯವಾದ್ದು." ಹೇಳುವಾಗ ಅವನ ಕಿವಿಯ ತುದಿ ಮತ್ತೆ ಕೆಂಪಾಗಿತ್ತು.

ಯಾವ ಮಾತು ಎಂದು ಯಾವ ಹೆಣ್ಣಿಗೂ ಗೊತ್ತಾಗುತ್ತದೆ. ಉತ್ತರ ಮಾತ್ರ ಅವಳ ಹತ್ತಿರ ಇರಲಿಲ್ಲ. ಹೂಂ ಅನ್ನಬೇಕೋ, ಎದ್ದು ಬರಬೇಕೋ? ಈ ಸಲವೂ ಕೊನೆಯಲ್ಲಿ ತಿಳಿಯುವವಳು ತಾನೇ ಆಗುವುದು ಬೇಡ.

ಶನಿವಾರ ಮಧ್ಯಾಹ್ನ ರಜೆ ಹಾಕಿದಳು. ಸೂಪಿನ ಹೋಟೆಲಿನ ಎದುರಿನ ಬಸ್ ಸ್ಟಾಪಿನಲ್ಲಿ, ಅಕ್ಕನ ದೊಡ್ಡ ಕೊಡೆಯನ್ನು ಬಿಸಿಲಿಗೆಂಬಂತೆ ಬಿಚ್ಚಿ ಕೂತಳು. ಮೂರು ಬಸ್ಸು ಬಂದವು, ಹೋದವು. ನಾಲ್ಕನೆಯದು ಹೊರಟಾಗ, ರಸ್ತೆಯ ಆಚೆ, ಹೋಟೆಲಿನ ಗಾಜಿನ ಹಿಂದೆ ಅವನಿದ್ದ.

ಅಕ್ಕ ಗೆದ್ದಳು.

ಅವನ ಮುಂದೆ ಎರಡು ಕಾಫಿ ಬಂತು. ಎದುರಿನ ಕುರ್ಚಿ ಖಾಲಿ. ಅವಳು ಕೊಡೆಯ ಹಿಡಿಯನ್ನು ಬಿಗಿಯಾಗಿ ಹಿಡಿದಳು. 'ಬರಲಿ. ಒಂದು ಸಲ ಮುಖ ನೋಡ್ತೀನಿ, ಅಷ್ಟು ಸಾಕು.'

ಯಾರೂ ಬರಲಿಲ್ಲ. ಸರಪಳಿಗೆ ಕನ್ನಡಕ ನೇತುಹಾಕಿಕೊಂಡಿದ್ದ ಮುದಿ ಸಪ್ಲಾಯರ್ ಸುತ್ತ ಒಮ್ಮೆ ನೋಡಿ ಆ ಕುರ್ಚಿಯಲ್ಲಿ ತಾನೇ ಕೂತ. ಎರಡನೆಯ ಕಾಫಿ ಎಳೆದುಕೊಂಡ. ಮೆನು ತೆರೆದು ಓದತೊಡಗಿದ.

ಅವನು ಕೇಳಿಸಿಕೊಂಡ. ತಲೆ ಅಡ್ಡಡ್ಡ ಆಡಿಸಿದ. ಎದ್ದು ಇನ್ನೊಂದು ಮೇಜಿಗೆ ಹೋದ, ಸಪ್ಲಾಯರ್ ಕಾಫಿ ಹಿಡಿದು ಹಿಂದೆಯೇ ಹೋದ, ಮತ್ತೆ ಓದಿದ. ಮೂರನೆಯ ಮೇಜು. ಗೋಡೆಗೆ ಬೆನ್ನು, ಅಡುಗೆಮನೆಯ ಬಾಗಿಲು ಎಡಕ್ಕೆ. ಅಲ್ಲಿ ಅವನು ಗಲ್ಲವನ್ನು ಒಂಚೂರು ಎಡಕ್ಕೆ ತಿರುಗಿಸಿ, ಬಲಗೆನ್ನೆಯನ್ನು ಮುಂದೆ ಕೊಟ್ಟು, ಮುದುಕನ ತುಟಿಗಳನ್ನೇ ನೋಡುತ್ತ ಕೂತ. ಮುಖ ಅರಳಿತು.

ಗಾಜಿನ ಆಚೆ ಒಂದು ಮುಖ. ಸದ್ದಿಲ್ಲ. ವಾರದಲ್ಲಿ ಆರು ದಿನ ಅವಳು ನೋಡುವುದು ಇದನ್ನೇ.

ಒಂದು ಕಿವಿ ಕೇಳದವರು ಹೀಗೇ ತಿರುಗುತ್ತಾರೆ. ಕೂದಲೆಳೆಯಷ್ಟು, ಅವರಿಗೇ ಗೊತ್ತಿಲ್ಲದಂತೆ. ಯಾವ ಯಂತ್ರವೂ ಬೇಡ, ಅವಳು ಬಾಗಿಲಲ್ಲೇ ಹೇಳಬಲ್ಲಳು. ಎಡಗಿವಿ. ಪೂರ್ತಿ.

ದೋಣಿಯಲ್ಲಿ ಅವಳು ಕೂತದ್ದು ಅವನ ಎಡಕ್ಕೆ.

'ಮೂರು ತಿಂಗಳು… ನನ್ನ ಮೂಗಿನ ಕೆಳಗೆ…' ದೀಪದ ಬುಡದಲ್ಲೇ ಕತ್ತಲೆ ಅಂದರೆ ಇದೇ. ಅಳು ಬಂತೋ ನಗು ಬಂತೋ ಅವಳಿಗೇ ತಿಳಿಯಲಿಲ್ಲ. ಕೊಡೆ ಮಡಿಸುವುದನ್ನೂ ಮರೆತು ರಸ್ತೆ ದಾಟಿದಳು.

ಬಿಚ್ಚಿದ ಕೊಡೆಯ ಸಮೇತ ಒಳಗೆ ಬಂದವಳನ್ನು ನೋಡಿ ಸಪ್ಲಾಯರ್ ದಡಬಡಿಸಿ ಎದ್ದ.

"ನಾಳೆ ಬರೋವ್ರು ಇವರೇನಾ ಸರ್? ಒಂದಿನ ಮುಂಚೇನೇ ಬಂದ್ಬಿಟ್ರಲ್ಲ." ಅರ್ಧ ಕುಡಿದ ಕಾಫಿಯನ್ನು ಬಿಡಲು ಮನಸ್ಸಾಗದೆ ಜೊತೆಗೇ ಒಯ್ದ.

ಅವಳು ಆ ಕುರ್ಚಿಯಲ್ಲಿ ಕೂತಳು. ಎದುರಿಗೆ, ಅವನ ಹಿಂದೆ, ಗೋಡೆ. ಇಲ್ಲಿ ಹೋದ ವರ್ಷದ ಕ್ಯಾಲೆಂಡರು.

"ಎಡಗಡೇದು," ಅಂದಳು.

ಅವನು ಮೆನುವಿನ ಅಂಚು ಸರಿಮಾಡಿದ. ಹತ್ತು ವರ್ಷದವನಿದ್ದಾಗ ಜ್ವರ ಬಂದಿತ್ತು, ಆಮೇಲಿಂದ ಆ ಕಡೆ ಏನೂ ಇಲ್ಲ ಎಂದ. ಗಲಾಟೆಯ ಜಾಗದಲ್ಲಿ ಕಷ್ಟ, ಬೆನ್ನ ಹಿಂದೆ ಗೋಡೆಯಿದ್ದರೆ ಆ ಕಡೆಯ ಸದ್ದಾದರೂ ತಪ್ಪುತ್ತದೆ. ಅದಕ್ಕೇ ಹಿಂದಿನ ದಿನವೇ ಬಂದು, ಯಾರನ್ನಾದರೂ ಎದುರಿಗೆ ಕೂರಿಸಿ, ಕಾಫಿ ಕೊಡಿಸಿ ಮಾತಾಡಿಸಿ, ಎಲ್ಲಿ ಕೂತರೆ ಸ್ಪಷ್ಟವಾಗಿ ಕೇಳುತ್ತದೆಂದು ನೋಡಿ ಹೋಗುವುದು. ಅಳತೆಪಟ್ಟಿ ತಂದಿದ್ದೂ ಅದಕ್ಕೇ, ಮೇಜು ಮೇಜಿಗೂ ಅಡುಗೆಮನೆ ಎಷ್ಟು ದೂರ ಎಂದು.

"ನಂಗೆ ಹೇಳ್ಬಾರ್ದಿತ್ತಾ? ಊರಿಗೆಲ್ಲ ಕಿವಿ ನೋಡೋಳು ನಾನು."

"ಆರು ದಿನ ಕಿರುಚ್ತೀನಿ ಅಂದಿದ್ರಿ. ಭಾನುವಾರ ಮೆಲ್ಲಗೆ ಮಾತಾಡ್ಬೇಕು ಅಂದಿದ್ರಿ." ಅವನು ತಲೆ ಎತ್ತಲಿಲ್ಲ. "ಏಳನೇ ದಿನಾನೂ ಕಿರುಚೋ ಹಾಗೆ ನಾನು ಮಾಡೋದಾ?"

ಅವಳೇ ಮರೆತಿದ್ದ ಒಂದು ಮಾತನ್ನು ಒಬ್ಬ ಮನುಷ್ಯ ಹನ್ನೆರಡು ಶನಿವಾರ ಹೊತ್ತು ತಿರುಗಿದ್ದ. ಅಷ್ಟೂ ಶನಿವಾರ ಅವಳು ಏನು ಮಾಡುತ್ತಿದ್ದಳು?

"ನಾನು ನಿಮ್ಮ ಹೆಂಡತಿ ಹೇಗಿರ್ತಾಳೆ ಅಂತ ಯೋಚಿಸ್ತಿದ್ದೆ," ಅಂದಳು.

"ನಂಗೆಲ್ಲಿ ಹೆಂಡತಿ?"

"ಅಕ್ಕನೂ ಅದನ್ನೇ ಹುಡುಕ್ತಿದ್ದಾಳೆ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ನಗಲಿಲ್ಲ. ಅನುಮಾನ ಪಟ್ಟದ್ದು ತಪ್ಪಲ್ಲ, ಮುಚ್ಚಿಟ್ಟವನು ತಾನು ಎಂದ. ಆಮೇಲೆ, ಇಡೀ ವಾರ ನುಂಗಿಕೊಂಡಿದ್ದನ್ನು ಕೇಳಿದ.

"ದೋಣೀಲಿ ಏನೋ ಹೇಳಿದ್ರಿ. ತಿರುಗೋ ಹೊತ್ತಿಗೆ ನಿಮ್ಮ ಬಾಯಿ ಮುಚ್ಚಿತ್ತು. ಏನು ಅಂತ ಕೇಳೋಕೆ ಧೈರ್ಯ ಆಗ್ಲಿಲ್ಲ."

ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದು. ಅದು ಅವನ ಎಡಕ್ಕಿತ್ತು, ಅವನಿಗೆ ತಾಕಲಿಲ್ಲ. ಅವಳು ದನಿ ಒಂದಿಷ್ಟೂ ಏರಿಸದೆ, ಆ ಎರಡು ಮಾತನ್ನು ಮತ್ತೆ ಹೇಳಿದಳು. ಪಕ್ಕದ ಮೇಜಿನಲ್ಲಿ ಚಮಚ ಒರೆಸುತ್ತ ಕಿವಿ ನಿಮಿರಿಸಿದ್ದ ಸಪ್ಲಾಯರಿಗೆ ಏನೂ ಸಿಗಲಿಲ್ಲ.

ಅವನಿಗೆ ಪೂರ್ತಿ ಕೇಳಿಸಿತು. ಕಿವಿಯ ತುದಿಗಳು ಹೇಳಿದವು. ಎರಡೂ.

"ಸೋಮವಾರ ಕ್ಲಿನಿಕ್‌ಗೆ ಬನ್ನಿ," ಅಂದಳು ಅವಳು. "ಪಕ್ಕದ ಕೋಣೆಯವರು ನೋಡ್ತಾರೆ. ನಾನು ನೋಡಲ್ಲ."

"ಯಾಕೆ?"

"ಮನೆಯವರನ್ನ ನಾವೇ ಪರೀಕ್ಷೆ ಮಾಡ್ಬಾರ್ದು. ನಮ್ಮಲ್ಲಿ ನಿಯಮ."

ನಾಳೆ ಕೇಳಬೇಕೆಂದಿದ್ದ ಮಾತಿಗೆ ಇಂದೇ ಉತ್ತರ ಬಂದರೆ ಮನುಷ್ಯ ಇನ್ನೇನು ಮಾಡುತ್ತಾನೆ? ಅವನು ಎರಡು ಸೂಪ್ ಹೇಳಿದ.

ಸೂಪು ಬಂತು. ಅವಳು ಒಂದು ಚಮಚ ಬಾಯಿಗಿಟ್ಟಳೋ ಇಲ್ಲವೋ, ಅವನು ಎದ್ದು ನಿಂತು ಅವಳ ಬಟ್ಟಲಿಗೆ ಕೈ ಹಾಕಿದ.

"ಮೂರು ತಿಂಗಳು ಬರೀ ಗೋಡೆ ನೋಡಿದ್ದೀರಿ. ಈ ಕಡೆ ಬನ್ನಿ, ಇಲ್ಲಿಂದ ಸೇತುವೆ, ನೀರು ಎಲ್ಲಾ ಕಾಣುತ್ತೆ. ನಂಗೆ ಕೇಳಿಸದಿದ್ರೆ ಇನ್ನೊಂದ್ಸಲ ಕೇಳ್ತೀನಿ."

ಅವಳು ಎರಡೂ ಕೈಯಲ್ಲಿ ಬಟ್ಟಲನ್ನು ಹಿಡಿದುಕೊಂಡಳು.

"ಬೇಡ," ಅಂದಳು ಮೆಲ್ಲಗೆ. "ನಾನು ಇಲ್ಲಿಂದ ಏಳಲ್ಲ."