ಓಗೊಟ್ಟವಳು

"ಮನೆ ಒಳ್ಳೇದೇ ಕಣಮ್ಮ. ಗಾಳಿ ಬೆಳಕಿದೆ, ನೀರಿಗೆ ತೊಂದರೆ ಇಲ್ಲ. ಒಂದೇ ಒಂದು ಮಾತು. ಒಳಗಿಂದ ಯಾರಾದ್ರೂ ಅಮ್ಮಾ ಅಂತ ಕರೆದ್ರೆ ಓಗೊಡಬೇಡ."

ಕೆಳಗಿನ ಮನೆಯ ಟೈಲರಮ್ಮ ಬೀಗದ ಕೈ ಕೊಡುತ್ತ ಹೀಗೆಂದಾಗ, ಬಾಡಿಗೆಗೆ ಬಂದ ಅವಳಿಗೆ ನಗು ತಡೆಯಲಾಗಲಿಲ್ಲ. ಪರದೇಶಕ್ಕೆ ಬಂದಿಳಿದ ಎರಡನೆಯ ದಿನವೇ ತನ್ನ ಭಾಷೆಯವರೊಬ್ಬರು ಸಿಕ್ಕರಲ್ಲ ಎಂದು ಹಿಗ್ಗಿದ್ದಳು. ಆ ಹಿಗ್ಗು ಇಷ್ಟು ಬೇಗ ದೆವ್ವದ ಕತೆಗೆ ಬಂದು ನಿಲ್ಲುತ್ತದೆಂದು ಎಣಿಸಿರಲಿಲ್ಲ.

"ನನ್ನನ್ನ ಅಮ್ಮಾ ಅನ್ನೋಳು ಒಬ್ಬಳೇ. ಅವಳು ಸಮುದ್ರದ ಆಚೆ ನಮ್ಮಕ್ಕನ ಮನೇಲಿದಾಳೆ. ಅಲ್ಲಿಂದ ಇಲ್ಲಿವರೆಗೂ ಕೇಳೋ ಹಾಗೆ ಕೂಗಿದ್ರೆ ಗಂಟಲಿಗೆ ಬಹುಮಾನ ಕೊಡಬೇಕು ಬಿಡಿ."

ಟೈಲರಮ್ಮ ನಗಲಿಲ್ಲ. ಕೊರಳಲ್ಲಿ ತೂಗುತ್ತಿದ್ದ ಅಳತೆ ಟೇಪನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದಳು. "ಮಗು ಬಿಟ್ಟು ಬಂದಿದೀಯಾ? ಹಾಗಾದ್ರೆ ಬೇರೆ ಮನೆ ನೋಡ್ಕೋ, ತಾಯಿ."

"ನಾನು ಕೃತಕ ಕಾಲು ಮಾಡೋಳು, ಅಮ್ಮ. ಇಲ್ಲದ ಪಾದ ತುರಿಸ್ತಿದೆ ಅಂತ ಅಳೋರನ್ನ ದಿನಾ ನೋಡ್ತೀನಿ. ಅದು ದೆವ್ವ ಅಲ್ಲ, ನರ. ಕಾಲು ಹೋದ್ರೂ ನರಕ್ಕೆ ನೆನಪಿರುತ್ತೆ."

ಹಾಗೆಂದು ಪೆಟ್ಟಿಗೆ ಎತ್ತಿಕೊಂಡು ಮೂರನೆಯ ಮಹಡಿ ಹತ್ತಿದಳು.

ಎರಡು ಕೋಣೆ, ಒಂದು ಇಕ್ಕಟ್ಟಾದ ಅಡುಗೆಮನೆ. ಹಿಂದಿನವರು ಬಿಟ್ಟುಹೋದ ಮಂಚ. ಹೊಸ ಸುಣ್ಣಬಣ್ಣದ ಘಾಟಿನ ಅಡಿಯಲ್ಲಿ ಕೆಟ್ಟ ಹಾಲಿನಂಥ ಹುಳಿ ವಾಸನೆ. ಎಷ್ಟು ಒರೆಸಿದರೂ ಅದು ಸಿಂಕಿನ ಮೇಲಿನ ಗೋಡೆ ಕಪಾಟಿನಿಂದ ಮತ್ತೆ ಇಳಿದು ಬರುತ್ತಿತ್ತು. ಅವಳಿಗೆ ಅದನ್ನು ಯೋಚಿಸಲು ಪುರುಸೊತ್ತಿರಲಿಲ್ಲ. ಹಗಲೆಲ್ಲ ಆಸ್ಪತ್ರೆಯ ಹಿಂಬದಿಯ ಕಾರ್ಯಾಗಾರದಲ್ಲಿ ಪ್ಲಾಸ್ಟರಿನ ಅಚ್ಚು ಉಜ್ಜುವುದು, ಮೋಟು ಕಾಲಿನ ಅಳತೆ ತೆಗೆಯುವುದು. ಸಂಜೆ ಮೈತುಂಬ ಬಿಳಿ ಪುಡಿ ಹೊತ್ತು ಮನೆಗೆ ಬರುವುದು. ಗಂಡ ತೀರಿಕೊಂಡು ಮೂರು ವರ್ಷ. ಇನ್ನೆರಡು ವರ್ಷ ಇಲ್ಲಿ ದುಡಿದರೆ ಊರಲ್ಲಿ ತನ್ನದೇ ಒಂದು ಕಾರ್ಯಾಗಾರ. ಆಮೇಲೆ ಮಗಳನ್ನು ಒಂದು ದಿನವೂ ಬಿಟ್ಟಿರುವುದಿಲ್ಲ ಎಂದು ತನಗೆ ತಾನೇ ಮಾತು ಕೊಟ್ಟುಕೊಂಡಿದ್ದಳು.

ಮಗಳಿಗೆ ಐದು ವರ್ಷ. ಮನೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಚಿನಕುರಳಿ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಫೋನು ಮಾಡಿದರೆ ಉಸಿರು ಬಿಡದೆ ವಟಗುಟ್ಟುತ್ತಿದ್ದಳು. "ಅಮ್ಮಾ, ದೊಡ್ಡಮ್ಮ ಜಡೆ ಬಿಗಿಯಾಗಿ ಹಾಕ್ತಾಳೆ. ನೀನೇ ಬಂದು ಹಾಕು. ನಾಳೆ ಬಾ. ನಾಳೆ ಅಂದ್ರೆ ನಾಳೆ."

ಮೂರನೆಯ ವಾರ. ಒಂದು ಮುಸ್ಸಂಜೆ. ದೀಪ ಹಾಕದೆ ಅಡುಗೆಮನೆಯಲ್ಲಿ ಕೈ ತೊಳೆಯುತ್ತಿದ್ದಳು. ನೀರು ನಿಲ್ಲಿಸಿದಳು.

"ಅಮ್ಮಾ."

ಕಪಾಟಿನ ಒಳಗಿಂದ. ಮಲಗಿ ಎದ್ದ ಮಗುವಿನ ಒರಟು ದನಿ.

ಮೈಯೆಲ್ಲ ಕಿವಿಯಾಗಿ ನಿಂತಳು. ಪಕ್ಕದ ಮನೆಯ ಮಗುವಿರಬೇಕು. ಅಥವಾ ನರ. ಕತ್ತರಿಸಿ ಬಂದದ್ದರ ನೆನಪು. ರೋಗಿಗಳಿಗೆ ಹೇಳುವ ಮಾತನ್ನೇ ತನಗೂ ಹೇಳಿಕೊಂಡು ಬಾಗಿಲು ಎಳೆದುಕೊಂಡಳು. ಮರುದಿನವೂ ಕರೆಯಿತು. ನಾಲ್ಕನೆಯ ದಿನ ಆ ದನಿ ಬಿಕ್ಕುತ್ತಿತ್ತು. ಮಗು ಅಳುತ್ತಿರುವಾಗ ತಾಯಿಯ ಬಾಯಿ ಮನಸ್ಸಿನ ಅಪ್ಪಣೆ ಕೇಳುವುದಿಲ್ಲ.

"ಏನು ಕಂದಾ?"

ಅಳು ನಿಂತಿತು. ಬೆವರಿದ ಪುಟ್ಟ ನೆತ್ತಿಯ ವಾಸನೆ ಅಡುಗೆಮನೆ ತುಂಬ ಹರಡಿತು. "ಬಂದೆ," ಎಂದಿತು ದನಿ.

ಅಂದಿನಿಂದ ಅವಳ ಸಂಜೆಗಳು ಬದಲಾದವು. ಚಿನಕುರಳಿ ಅಲ್ಲಿ ಮಲಗಿ ನಿದ್ದೆಹೋಗುವ ಹೊತ್ತಿಗೆ ಇಲ್ಲಿ ಕಪಾಟಿನಲ್ಲಿ ಮಾತು ಶುರುವಾಗುತ್ತಿತ್ತು. ಜಡೆಯ ಮಾತು, ಮುರಿದ ಬಳಪದ ಮಾತು, ಗೆಳತಿಯ ಜೊತೆ ಟೂ ಬಿಟ್ಟ ಮಾತು. ಕೆಲವೊಮ್ಮೆ ಹಾಸಿಗೆಯ ಒಂದು ಬದಿ ಬೆಚ್ಚಗಿರುತ್ತಿತ್ತು. ಒಮ್ಮೆ ಬಚ್ಚಲಿನ ಮುಂದೆ ಗೇಣುದ್ದವೂ ಇಲ್ಲದ ಒದ್ದೆ ಹೆಜ್ಜೆಗಳು. ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ಅವಳು ಬಗ್ಗಿ ಆ ಹೆಜ್ಜೆಯ ಮೇಲೆ ಅಂಗೈ ಇಟ್ಟಳು.

ಆದರೆ ಬೆಳಗಿನ ಫೋನಿನಲ್ಲಿ ಮಾತು ಕಡಿಮೆಯಾಗುತ್ತ ಬಂತು.

"ಯಾಕೋ ಮಂಕಾಗಿದಾಳೆ ಕಣೇ," ಎಂದಳು ಅಕ್ಕ. ಆಮೇಲೆ, "ಊಟ ಸೇರ್ತಿಲ್ಲ." ಆಮೇಲೆ, "ನೆತ್ತಿ ಮೇಲೆ ಕೂದಲು ಉದುರಿ ರೂಪಾಯಗಲ ಬೋಳಾಗಿದೆ. ಡಾಕ್ಟರು ಏನೂ ಇಲ್ಲ ಅಂತಾರೆ." ಕೊನೆಗೊಂದು ಬೆಳಿಗ್ಗೆ ಅಕ್ಕನ ದನಿ ಒಡೆದಿತ್ತು. "ಮೂರು ದಿನದಿಂದ ಎದ್ದಿಲ್ಲ. ಕಣ್ಣು ಬಿಟ್ಟುಕೊಂಡೇ ಮಲಗಿರ್ತಾಳೆ. ನಿನ್ನ ಫೋಟೋ ತೋರಿಸಿದ್ರೆ ಗೋಡೆ ನೋಡಿದ ಹಾಗೆ ನೋಡ್ತಾಳೆ. ಬಂದುಬಿಡೇ."

ಅವಳಿಗೆ ಆ ಕ್ಷಣವೇ ಎಲ್ಲ ಅರ್ಥವಾಯಿತು. ಅರ್ಥವಾದದ್ದು ಕರುಳಿಗೆ, ತಲೆಗಲ್ಲ. ಆದರೂ ಅಂದು ಸಂಜೆ ದನಿ ಕರೆದಾಗ, ಇವತ್ತೊಂದು ದಿನ ಎಂದುಕೊಂಡು ಓಗೊಟ್ಟಳು. ಆ ಒಂದು ದಿನಕ್ಕಾಗಿ ಅವಳು ಆಮೇಲೆ ಎಂದೂ ತನ್ನನ್ನು ಕ್ಷಮಿಸಿಕೊಳ್ಳಲಿಲ್ಲ.

ಮರುದಿನ ಭಾನುವಾರ. ಟೈಲರಮ್ಮನ ಹೊಲಿಗೆ ಯಂತ್ರದ ಮುಂದೆ ಕುಸಿದು ಕೂತಳು. ಏನಾಯಿತೆಂದು ಟೈಲರಮ್ಮನಿಗೆ ಕೇಳುವ ಅಗತ್ಯವಿರಲಿಲ್ಲ.

"ನಿನಗಿಂತ ಮೊದಲು ಇದ್ದೋಳು ದಾದಿ. ಎರಡು ವರ್ಷದ ಗಂಡುಮಗೂನ ಬಿಟ್ಟು ಬಂದಿದ್ಲು. ತಡೆಯೋಕಾಗದೆ ಯಾರೋ ಮಾಟಗಾರನ ಕೈಲಿ ತಾಯಿತ ಮಾಡಿಸಿ ತರಿಸಿಕೊಂಡ್ಲು. ಮಗು ತನ್ನ ಹತ್ರ ಇರಬೇಕು, ಅಷ್ಟೇ ಅವಳು ಕೇಳಿದ್ದು. ಇತ್ತು. ಅಲ್ಲಿ ಕರಗ್ತಾ ಹೋಯ್ತು, ಇಲ್ಲಿ ಬೆಳೀತಾ ಹೋಯ್ತು."

"ಬಿಡಿಸೋದು ಹೇಗೆ?"

"ಸುಟ್ರೆ ಮಗೂನೂ ಸುಡುತ್ತೆ ಅಂದಿದ್ನಂತೆ ಆ ಮಾಟಗಾರ. ತಾಯಿತ ಕೈಲಿ ಹಿಡಿದು, ಮಗು ಕರೆಯುವಾಗ, ನಾನು ನಿನ್ನ ತಾಯಿ ಅಲ್ಲ ಅಂತ ಮೂರು ಸಲ ಅನ್ನಬೇಕು. ಬರೀ ಬಾಯಲ್ಲಿ ಅಂದ್ರೆ ಆಗಲ್ಲ. ಕರುಳು ಕಿತ್ತು ಅನ್ನಬೇಕು. ಅವಳು ಎರಡು ಸಲ ಅಂದ್ಲು. ಮೂರನೇದು ಬಾಯಿಗೆ ಬರಲಿಲ್ಲ." ಟೈಲರಮ್ಮ ಸೆರಗಿನಿಂದ ಮುಖ ಒತ್ತಿಕೊಂಡಳು. "ಎರಡು ದಿನಕ್ಕೆ ಮಗು ಹೋಯ್ತು."

"ನೀವು ಗೊತ್ತಿದ್ದೂ ಅದನ್ನ ತೆಗೆದು ಬಿಸಾಡಲಿಲ್ವಾ?"

"ಎಲ್ಲಿ ಬಚ್ಚಿಟ್ಟಿದ್ಲೋ ಹೇಳದೇ ಹೋದ್ಲು. ಗೋಡೆ ಎಲ್ಲ ಕೆರೆದು ಹುಡುಕಿದೀನಿ, ತಾಯಿ. ಮಕ್ಕಳಿಲ್ಲದೋಳ ಕೈಗೆ ಅದು ಸಿಗಲ್ಲ."

ಸಂಜೆ ಇಬ್ಬರೂ ಮೇಲೆ ಹತ್ತಿದರು. ಕಪಾಟಿನ ಹಿಂಬದಿಯ ಹಲಗೆಯನ್ನು ಅವಳು ತನ್ನ ಕೆಲಸದ ಉಳಿಯಿಂದಲೇ ಮೀಟಿದಳು. ಹುಳಿ ವಾಸನೆ ಮುಖಕ್ಕೆ ರಾಚಿತು. ಬಿರುಕಿಗೆ ಕೈ ಹಾಕಿದಳು. ಸಿಕ್ಕಿತು. ಮೇಣ ಮೆತ್ತಿದ, ಹೆಬ್ಬೆರಳ ಗಾತ್ರದ ತಾಮ್ರದ ತಾಯಿತ. ಅದಕ್ಕೆ ಸುತ್ತಿದ್ದ ಹಳೆಯ ಕೂದಲು ಧೂಳು ಹಿಡಿದು ಬೂದುಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ಹೊಸ ಸುತ್ತು. ಮೃದುವಾದ, ಕೆಂಚು ಕೂದಲು. ಬೆರಳಿಗೆ ತಾಗಿದೊಡನೆ ಗುರುತು ಸಿಕ್ಕಿತು. ಎಷ್ಟು ಬೆಳಗು ಬಾಚಿದ ಕೂದಲು ಅದು!

ತಾಯಿತ ಬೆಚ್ಚಗಿತ್ತು. ಮಿಡಿಯುತ್ತಿತ್ತು.

ಕಿಟಕಿಯ ಬೆಳಕು ಮಂಕಾಯಿತು. "ಅಮ್ಮಾ."

ಈಗ ಕಪಾಟಿನಿಂದಲ್ಲ. ಕಾಲ ಬಳಿಯಿಂದ.

"ನಾನು ನಿನ್ನ ತಾಯಿ ಅಲ್ಲ."

ಗೋಡೆ ನಡುಗಿತು. ಪಾತ್ರೆಗಳು ಗಲಗಲ ಎಂದವು. ಪುಟ್ಟ ಕೈಯೊಂದು ಅವಳ ಲಂಗದ ಅಂಚು ಹಿಡಿಯಿತು. "ಅಮ್ಮಾ, ಜಡೆ ಹಾಕು. ಇಲ್ಲೇ ಇರ್ತೀನಿ. ಹಟ ಮಾಡಲ್ಲ."

"ನಾನು ನಿನ್ನ ತಾಯಿ ಅಲ್ಲ."

ಕತ್ತಲು. ಉಸಿರಿಗೆ ಗಾಳಿಯಿಲ್ಲ. ಟೈಲರಮ್ಮ ಬಾಗಿಲಲ್ಲಿ ಏನೋ ಕೂಗಿದಳು, ಕೇಳಲಿಲ್ಲ. ಪುಟ್ಟ ತೋಳುಗಳು ಮೊಣಕಾಲು ಬಳಸಿದವು. ಕೆನ್ನೆ ಒತ್ತಿತು. ಒದ್ದೆ ಕೆನ್ನೆ. ಬಿಸಿ ಕೆನ್ನೆ. ಅವಳ ಕೈ ತಾನಾಗಿ ಆ ನೆತ್ತಿಗೆ ಇಳಿಯಿತು. ಬೆರಳಿಗೆ ತಾಗಿದ್ದು ರೂಪಾಯಗಲದ ಬೋಳು. ಕೈ ಸೆಳೆದುಕೊಂಡಳು. ಐದು ವರ್ಷ. ಮೊದಲ ಅಳು. ಮೊದಲ ಹಲ್ಲು. ಜ್ವರದ ಮೈ. ಎಲ್ಲವನ್ನೂ ಒಂದೊಂದಾಗಿ ತನ್ನ ಎದೆಯಿಂದ ಕಿತ್ತಳು. ಕಿತ್ತಳು. ಕಿತ್ತಳು.

"ಅಲ್ಲ! ನಾನು ನಿನ್ನ ತಾಯಿ ಅಲ್ಲ! ಹೋಗು!"

ತೋಳು ಸಡಿಲಿತು. "ಹೂಂ," ಎಂದಿತು ದನಿ, ಬೈಸಿಕೊಂಡ ಮಗುವಿನ ಹಾಗೆ.

ಮತ್ತೆ ಏನೂ ಇಲ್ಲ. ಅಂಗೈಯಲ್ಲಿ ತಣ್ಣಗಿನ ತಾಮ್ರ. ಕೂದಲು ಪುಡಿಯಾಗಿ ಉದುರಿತು.

ಎಷ್ಟು ಹೊತ್ತು ನೆಲದ ಮೇಲೆ ಬಿದ್ದಿದ್ದಳೋ. ಫೋನು ಹೊಡೆದುಕೊಂಡಾಗ ಟೈಲರಮ್ಮನೇ ಎತ್ತಿ ಅವಳ ಕಿವಿಗೆ ಹಿಡಿದಳು.

"ಎದ್ಲು ಕಣೇ!" ಅಕ್ಕ ಅಳುತ್ತ ನಗುತ್ತಿದ್ದಳು. "ಎದ್ದು ಕೂತ್ಲು. ಹಸಿವು ಅಂದ್ಲು. ಹಾಳು ಹೊತ್ತಲ್ಲಿ ಅನ್ನ ಕೇಳ್ತಿದಾಳೆ, ನೋಡು ನಿನ್ನ ಮಗಳ ವೈಖರಿ!"

ಹಿಂದಿನಿಂದ ತೆಳ್ಳಗೆ, ಸ್ವಚ್ಛವಾಗಿ, ಚಿನಕುರಳಿಯ ದನಿ. "ಅಮ್ಮಾ, ಫೋನಲ್ಲಿ ಯಾರು?"

ಅಕ್ಕನ ನಗು ನಿಂತಿತು. "ದೊಡ್ಡಮ್ಮ ಅನ್ನೇ. ಇದು ನಿಮ್ಮಮ್ಮ, ತಗೋ ಮಾತಾಡು."

"ಸುಳ್ಳು. ನಮ್ಮಮ್ಮ ನೀನು."

"ಅಯ್ಯೋ, ಇನ್ನೂ ನಿದ್ದೆಗಣ್ಣು ಇದಕ್ಕೆ. ನಾಳೆ ಸರಿಹೋಗುತ್ತೆ, ನೀನು ಮನಸ್ಸಿಗೆ ಹಚ್ಕೋಬೇಡ," ಎಂದಳು ಅಕ್ಕ ಗಾಬರಿಯಿಂದ.

ಅವಳು ಕಣ್ಣು ಮುಚ್ಚಿದಳು. ಸರಿಹೋಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಕಿತ್ತದ್ದು ಎರಡೂ ಕಡೆಯಿಂದ ಕಿತ್ತುಬಂದಿತ್ತು.

"ಬಲವಂತ ಮಾಡಬೇಡ ಅಕ್ಕಾ. ಚಿಕ್ಕಮ್ಮ ಅಂತ ಹೇಳು."

"ಏನೇ ಮಾತಾಡ್ತಿದೀಯ ನೀನು?"

"ಹೇಳಕ್ಕಾ. ನಿನ್ನ ಕಾಲಿಗೆ ಬೀಳ್ತೀನಿ."

ಆ ಕಡೆ ಪಿಸುಮಾತು. ಆಮೇಲೆ ಫೋನು ಕೈ ಬದಲಾಯಿಸಿದ ಸದ್ದು, ಪುಟ್ಟ ಉಸಿರು. ಹೊಸಬರೊಡನೆ ಮಾತಾಡುವಾಗ ಹೇಗಿರಬೇಕೆಂದು ಮಗಳಿಗೆ ಕಲಿಸಿದವಳು ಅವಳೇ.

"ಚಿಕ್ಕಮ್ಮಾ, ನೀವು ಚೆನ್ನಾಗಿದೀರಾ?"

ಅವಳು ಅಂಗೈಯನ್ನು ಬಾಯಿಗೆ ಒತ್ತಿ ಹಿಡಿದಳು. ಆಮೇಲೆ ಕೈ ತೆಗೆದಳು.

"ಚೆನ್ನಾಗಿದೀನಿ ಕಣಮ್ಮ. ನೀನು?"

"ಹೂಂ. ನಂಗೆ ಹಸಿವು. ಅಮ್ಮ ಅನ್ನ ಕಲಸಿಕೊಡ್ತಾಳೆ, ಹೋಗ್ಬೇಕು," ಎಂದು ಚಿನಕುರಳಿ ಫೋನಿಟ್ಟು ಓಡಿಹೋದಳು.