ಅರವತ್ತಮೂರು ಲಾರಿ, ಒಂದು ಲಿಫ್ಟು

ಬೈಕು ಎರಡನೇ ಸಲ ತಿರುಗಿತು.

ಮೊದಲ ಸಲ ಬರೀ ಹೆದರಿಸಲು ಬಂದಿತ್ತು. ಈ ಸಲ ಹಿಂದೆ ಕೂತವನ ಕೈಯಲ್ಲಿ ಕಬ್ಬಿಣದ ಪೈಪು... ಅದು ಮೇಲೆದ್ದದ್ದು ನನಗೆ ಕಾಣಿಸಿತು. ಭಾವನಿಗೆ ಕಾಣಿಸಲಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಐವತ್ತಾರು ವರ್ಷ, ದಪ್ಪ ಕನ್ನಡಕ. ಕಂಕುಳಲ್ಲಿ ರೆಕ್ಸಿನ್ ಬ್ಯಾಗು ಅವಚಿಕೊಂಡು ಫುಟ್‌ಪಾತಿನ ಮೇಲೆ ಓಡುತ್ತಿದ್ದರು. ಓಟ ಎನ್ನುವುದು ಮರ್ಯಾದೆಗೆ. ಬಸ್ಸು ಹಿಡಿಯುವವರು ಅದಕ್ಕಿಂತ ಜೋರಾಗಿ ನಡೆಯುತ್ತಾರೆ.

ಬೆಳಿಗ್ಗೆ ಒಂಬತ್ತು ನಲವತ್ತೇಳು.

ಸ್ಕೂಟರಿನಿಂದ ಹಾರಿದೆ. ಹೆಲ್ಮೆಟ್ ಕಳಚಿ ಬೀಸಿ ಒಗೆದೆ. ಬೈಕಿನವನ ಎದೆಗೆ ಸರಿಯಾಗಿ ಬಿತ್ತು! ಬೈಕು ಅಡ್ಡಾದಿಡ್ಡಿಯಾಗಿ ಹೋಗಿ ಅಂಗಡಿಯ ಮುಂದಿನ ಪ್ಲಾಸ್ಟಿಕ್ ಕ್ರೇಟುಗಳಿಗೆ ಗುದ್ದಿತು. ಆ ಸದ್ದಿಗೆ ಭಾವ ಬೆಚ್ಚಿ, ಎಡವಿ, ಮಂಡಿಯೂರಿ ಬಿದ್ದರು.

ಹಿಡಿದೆತ್ತಿದೆ. ಪ್ಯಾಂಟು ಹರಿದಿತ್ತು. ಮಂಡಿಯಲ್ಲಿ ರಕ್ತ. ಮೊಬೈಲು ಚರಂಡಿ ಪಾಲು. ಬ್ಯಾಗು ಮಾತ್ರ ಕಂಕುಳಲ್ಲೇ ಇತ್ತು.

“ಅಕ್ಕ ಚೆನ್ನಾಗಿದಾಳೆ ಕಣೋ,” ಏದುಸಿರಿನಲ್ಲೇ ಹೇಳಿದರು. “ಫೋನ್ ಮಾಡ್ದೆ. ಅವಳೇ ಎತ್ತಿದ್ಲು. ಬಿದ್ದೂ ಇಲ್ಲ, ಏನೂ ಇಲ್ಲ. ನೀನು ಗಾಬರಿಯಾಗ್ಬೇಡ.”

ಕೇಳಿಸಿಕೊಂಡಿರಾ? ರಕ್ತ ಸುರಿಯುತ್ತಿದ್ದದ್ದು ಅವರಿಗೆ. ಸಮಾಧಾನ ನನಗೆ!

ಅಕ್ಕ ಆಸ್ಪತ್ರೆಯ ಮೆಟ್ಟಿಲಿಂದ ಬಿದ್ದುಬಿಟ್ಟಳು, ಕೂಡಲೇ ಬನ್ನಿ ಎಂದು ಅರ್ಧ ಗಂಟೆ ಹಿಂದೆ ಅವರಿಗೆ ಫೋನ್ ಮಾಡಿದವನು ನಾನೇ. ಅಂಥದ್ದೇನೂ ಆಗಿರಲಿಲ್ಲ.

“ನನಗೂ ಯಾರೋ ಹಾಗೇ ಹೇಳಿದ್ರು ಭಾವ,” ಎಂದೆ.

ನಂಬಿದರು. ಇಪ್ಪತ್ತು ವರ್ಷದ ಕಸುಬಿನಲ್ಲಿ ಎಂಥೆಂಥವರಿಗೋ ಟೋಪಿ ಹಾಕಿದ್ದೇನೆ. ಇಷ್ಟು ಸುಲಭವಾಗಿ ಯಾರೂ ತಲೆ ಕೊಟ್ಟಿರಲಿಲ್ಲ.

ಯಾಕೆ ಹೀಗೆ ಮಾಡಿದೆ ಎಂದು ನೀವು ಕೇಳಿಯೇ ಕೇಳುತ್ತೀರಿ. ಹೇಳುತ್ತೇನೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ನನ್ನದು ಪತ್ತೇದಾರಿ ಕೆಲಸ. ಬಾಗಿಲ ಮೇಲೆ ಬೋರ್ಡಿದೆ. ಆಗ ಎಂಟು ತಿಂಗಳಿಂದ ಬೋರ್ಡು ಮಾತ್ರ ಇತ್ತು, ಲೈಸೆನ್ಸ್ ರದ್ದಾಗಿತ್ತು. ತಪ್ಪು ನನ್ನದೇ, ಆ ಕತೆ ಈಗ ಬೇಡ. ಅಂಥ ಹೊತ್ತಿನಲ್ಲಿ ಕೋಟಿನವನು ಬಂದ. ಸೆಕೆಯಲ್ಲೂ ಕೋಟು ಬಿಚ್ಚದ ಆಸಾಮಿ. ದೊಡ್ಡ ಕಂಪನಿಗಳ ಪರವಾಗಿ ಸರ್ಕಾರಿ ಕಚೇರಿಗಳ ಕಾರಿಡಾರಿನಲ್ಲಿ ಓಡಾಡುವುದೇ ಅವನ ಉದ್ಯೋಗ. ಅವನಿಗೆ ಬೇಕಾಗಿದ್ದದ್ದು ಒಂದು ಅಂಕಿ.

ಅದು ಹೀಗೆ. ವರ್ಷಕ್ಕೆ ಎರಡು ಸಲ ಹಣಕಾಸು ಇಲಾಖೆಯ ಆರನೇ ಮಹಡಿಯಲ್ಲಿ ಐದು ಜನ ಸೇರುತ್ತಾರೆ. ಮುಂದಿನ ವರ್ಷ ರಾಜ್ಯದ ವ್ಯವಹಾರ ಶೇಕಡಾ ಎಷ್ಟು ಬೆಳೆಯುತ್ತದೆ ಎಂದು ಒಬ್ಬೊಬ್ಬರೂ ಒಂದು ಅಂಕಿ ಬರೆದು, ಕವರು ಅಂಟಿಸಿ, ಹತ್ತು ಗಂಟೆಯೊಳಗೆ ತಮ್ಮ ಕೈಯಾರೆ ಪೆಟ್ಟಿಗೆಗೆ ಹಾಕಬೇಕು. ಐದರ ಸರಾಸರಿಯೇ ಸರ್ಕಾರದ ಅಂದಾಜು. ಎಷ್ಟು ತೆರಿಗೆ ಬರುತ್ತದೆ, ಎಷ್ಟು ಖರ್ಚು ಮಾಡಬಹುದು, ಎಲ್ಲ ಅದರ ಮೇಲೆ. ಸರಾಸರಿ ನಾಲ್ಕು ದಾಟಿದರೆ ಕಂಪನಿಗಳ ತೆರಿಗೆ ತಾನಾಗಿಯೇ ಇಳಿಯಬೇಕು; ಕಾನೂನಿನಲ್ಲೇ ಹಾಗೆ ಬರೆದಿದೆ. ಬೊಕ್ಕಸ ತುಂಬುತ್ತದಲ್ಲ, ಅದರ ಖುಷಿಗೆ!

ದೇಶ ನಾಗಾಲೋಟದಲ್ಲಿದೆ ಎಂದು ಆ ತಿಂಗಳೇ ಕೇಂದ್ರದ ವರದಿ ಬಂದಿತ್ತು. ಐವರಲ್ಲಿ ನಾಲ್ವರು ಅದನ್ನು ಓದಿ, ದೇಶದ ಹಿಂದೆ ರಾಜ್ಯವೂ ಓಡುತ್ತದೆ ಎಂದುಕೊಂಡು ನಾಲ್ಕೂ ಚಿಲ್ಲರೆ ಬರೆಯುವವರು. ಐದನೆಯವರು ತೆರಿಗೆ ಇಲಾಖೆಯ ಅಂಕಿಅಂಶದ ಅಧಿಕಾರಿ. ನನ್ನ ಭಾವ.

ಇಲಾಖೆಯಲ್ಲಿ ಅವರಿಗೆ ‘ನಾಯಿ ಲೆಕ್ಕದವರು’ ಎಂದು ಹೆಸರು. ಭಾನುವಾರ ಬೆಳಿಗ್ಗೆ ಊರಾಚೆಯ ಲಾರಿ ಸ್ಟ್ಯಾಂಡಿಗೆ ಹೋಗುತ್ತಾರೆ. ಪ್ರತಿ ಲಾರಿಯ ಕೆಳಗೂ ಬಗ್ಗಿ ನೋಡುತ್ತಾರೆ. ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿದ್ದರು.

“ಓಡೋ ಲಾರಿ ಕೆಳಗೆ ನಾಯಿ ಮಲಗಲ್ಲ ಕಣೋ,” ಎಂದಿದ್ದರು. “ವಾರಗಟ್ಟಲೆ ನಿಂತರೆ ಮಲಗುತ್ತೆ. ಲಾರಿ ನಿಂತಿದೆ ಅಂದ್ರೆ ಮಾಲು ನಿಂತಿದೆ. ಮಾಲೇ ಮಾರದೆ ಇದ್ರೆ ತೆರಿಗೆ ಎಲ್ಲಿಂದ ಬರುತ್ತೆ ಹೇಳು?”

ಆರು ತಿಂಗಳ ಹಿಂದೆ ಅಂಥ ಲಾರಿಗಳು ಹನ್ನೊಂದು. ಆ ಸಲ ಭಾವ ನಾಲ್ಕೂವರೆ ಎಂದು ಬರೆದಿದ್ದರು. ಆಮೇಲೆ ಎರಡು ದೊಡ್ಡ ಕಾರ್ಖಾನೆಗಳು ಒಂದೊಂದು ಶಿಫ್ಟು ನಿಲ್ಲಿಸಿದವು. ಈ ಸಲ ಅರವತ್ತಮೂರು. ಅದನ್ನು ನಮ್ಮ ಮುಂದೆ ಹೇಳಿದ್ದು ಅಕ್ಕನ ಮನೆಯಲ್ಲಿ, ಊಟಕ್ಕೆ ಕೂತಾಗ. ನಾಯಿಗಳಿಗಾದರೂ ನೆರಳು ಸಿಕ್ಕಿತಲ್ಲ ಎಂದು ಅಕ್ಕ ನಕ್ಕಿದ್ದಳು. ಭಾವ ನಕ್ಕಿರಲಿಲ್ಲ.

ಅರವತ್ತಮೂರು ಎಂದು ಕೋಟಿನವನಿಗೆ ಹೇಳಿದವನೂ ನಾನೇ. ಬಾಯಿ ತಪ್ಪಿ ಅಲ್ಲ. ಕೇಳಿದ, ಹೇಳಿದೆ.

ಅವನು ಲೆಕ್ಕ ಹಾಕಿ ನೋಡಿದ. ಭಾವನ ಹೊಸ ಅಂಕಿ ಸೇರಿದರೆ ಸರಾಸರಿ ನಾಲ್ಕರ ಕೆಳಗೆ ಬೀಳುತ್ತದೆ. ಆದರೆ ಸಮಿತಿಗೆ ಇನ್ನೊಂದು ನಿಯಮವಿದೆ. ಸದಸ್ಯರು ಹತ್ತಕ್ಕೆ ಹಾಜರಿಲ್ಲದಿದ್ದರೆ ಅವರ ಹಿಂದಿನ ಅಂಕಿಯನ್ನೇ ತೆಗೆದುಕೊಳ್ಳುತ್ತಾರೆ. ಅಂದರೆ ಭಾವ ಹತ್ತು ಗಂಟೆಗೆ ಆ ಕೋಣೆಯಲ್ಲಿ ಇರಬಾರದು. ಅಷ್ಟೇ.

“ನಮ್ಮ ಹುಡುಗರಿಗೆ ಹೇಳಿದ್ರೆ ಕಾಲು ಮುರೀತಾರೆ,” ಎಂದ ಕೋಟಿನವನು. “ನೀವಾದ್ರೆ ಮನೆಯವರು. ನಾಜೂಕಾಗಿ ಮುಗಿಸ್ತೀರಿ. ನಿಮ್ಮ ಲೈಸೆನ್ಸ್ ಜವಾಬ್ದಾರಿ ನಂದು.”

ಭಾವನ ಕಾಲು ಉಳಿಸುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡು ಒಪ್ಪಿದೆ. ಅಂದಾಜು ತಪ್ಪಿ ತೆರಿಗೆ ಬರದೇ ಹೋದರೆ ಸರ್ಕಾರ ಮೊದಲು ಕೈಬಿಡುವುದು ಗುತ್ತಿಗೆಯವರನ್ನು. ಅಕ್ಕ ಸರ್ಕಾರಿ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಹದಿನಾಲ್ಕು ವರ್ಷದಿಂದ ಗುತ್ತಿಗೆ ನರ್ಸು. ಒಪ್ಪುವಾಗ ಅದು ನೆನಪಾಗಲಿಲ್ಲ ಎಂದರೆ ಶುದ್ಧ ಸುಳ್ಳು.

ಆದರೆ ಭಾವ ಅರ್ಧ ದಾರಿಯಲ್ಲೇ ಅಕ್ಕನಿಗೆ ಫೋನ್ ಮಾಡಿ, ಟ್ಯಾಕ್ಸಿ ತಿರುಗಿಸಿ, ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದು, ಇಳಿದು ಓಡಿದ್ದರು. ಹತ್ತರವರೆಗೂ ಅವರು ವಾಪಸಾಗದಂತೆ ನೋಡಿಕೊಳ್ಳಲು ನಾನು ಸ್ಕೂಟರಿನಲ್ಲಿ ಹಿಂದೆಯೇ ಇದ್ದೆ. ಅವರ ಮೇಲೆ ಕಣ್ಣಿಟ್ಟಿದ್ದ ಕೋಟಿನವನ ಹುಡುಗರು ನನ್ನ ನಾಜೂಕಿಗೆ ಕಾಯದೆ ಬೈಕು ತಿರುಗಿಸಿದರು. ಆ ಬೈಕೇ ಈಗ ಕ್ರೇಟುಗಳ ಮೇಲೆ ಬಿದ್ದಿತ್ತು.

ಪೈಪಿನವನು ಎದ್ದ.

“ಯಾರೋ ಇವರು?” ಭಾವ ಕೇಳಿದರು.

“ಆಮೇಲೆ ಹೇಳ್ತೀನಿ. ನಡೀರಿ.”

ಭಾವನ ತೋಳು ಹಿಡಿದು ಬಟ್ಟೆ ಗೋದಾಮಿನೊಳಗೆ ನುಗ್ಗಿದೆ. ಅದರ ಹಿಂಬಾಗಿಲು ಹಣಕಾಸು ಇಲಾಖೆಯ ಪಾರ್ಕಿಂಗಿಗೆ ತೆರೆಯುತ್ತದೆ. ಥಾನುಗಳ ಸಂದಿಯಲ್ಲಿ ಓಡಿದೆವು. ಹಿಂದೆ ಬೂಟಿನ ಸದ್ದು... ಹತ್ತಿರ... ಇನ್ನೂ ಹತ್ತಿರ! ಭಾವನನ್ನು ಹೊರಗೆ ತಳ್ಳಿದೆ, ಶಟರು ಎಳೆದೆ. ಶಟರಿನ ಕೆಳಗೆ ನಾಲ್ಕು ಬೆರಳು ಸಿಕ್ಕಿಕೊಂಡವು. ಒಳಗಿನಿಂದ ಬಂದ ಕೂಗು ಕೇಳಿ ಒಂದಿಷ್ಟು ಹಿತವೆನಿಸಿತು.

ಪಾರ್ಕಿಂಗ್ ದಾಟಿ ಲಾಬಿಗೆ ಬಂದಾಗ ಒಂಬತ್ತು ಐವತ್ತೈದು. ಮೆಟ್ಟಿಲ ಬುಡದಲ್ಲಿ ಭಾವ ನಿಂತರು. ಮಂಡಿ ಮಡಚಲಾಗುತ್ತಿರಲಿಲ್ಲ. ಲಿಫ್ಟಿನಲ್ಲಿ ಹೋಗೋಣ ಎಂದೆ.

ಆಗ ಹೇಳಿದ್ದು ಮನಸಾರೆ. ನಂಬಿ. ಅವರನ್ನು ಮೇಲೆ ತಲುಪಿಸಿಯೇಬಿಡುತ್ತೇನೆ ಎಂದುಕೊಂಡಿದ್ದೆ. ಹೆಲ್ಮೆಟ್ ಬೀಸಿದ್ದೆನಲ್ಲ, ನನ್ನ ಮೇಲೆ ನನಗೇ ಅಭಿಮಾನ ಬಂದುಬಿಟ್ಟಿತ್ತು.

ಲಿಫ್ಟು ಇಳಿಯುತ್ತಿರುವಾಗ ಮೊಬೈಲು ನಡುಗಿತು. ಕೋಟಿನವನು.

“ಹುಡುಗರದ್ದು ತಪ್ಪಾಯ್ತು, ಬಿಡಿ,” ಎಂದ. ದನಿ ತಣ್ಣಗಿತ್ತು. “ಲೈಸೆನ್ಸ್ ನನ್ನ ಮೇಜಿನ ಮೇಲಿದೆ. ಸಹಿ ಆಗಿದೆ. ಇನ್ನು ನಿಮ್ಮಿಷ್ಟ.”

ಇಟ್ಟುಬಿಟ್ಟ.

ಹೆದರಿಸಿದ್ದರೆ ಚೆನ್ನಾಗಿತ್ತು. ಕೊಲ್ಲುತ್ತೇನೆ ಎಂದಿದ್ದರೆ ಇನ್ನೂ ಚೆನ್ನಾಗಿತ್ತು. ಜೀವಭಯಕ್ಕೆ ಮಾಡಿದೆ ಎಂದು ನಿಮ್ಮ ಮುಂದೆ ತಲೆಯೆತ್ತಿ ಹೇಳಬಹುದಿತ್ತು. ಅವನು ಅಷ್ಟು ಉಪಕಾರವನ್ನೂ ಮಾಡಲಿಲ್ಲ.

ಹಳೇ ಲಿಫ್ಟು. ಗುಂಡಿಗಳ ಕೆಳಗೆ ಕೆಂಪಗೊಂದು ಸ್ಟಾಪ್ ಬಟನ್. ಒತ್ತಿ ಹಿಡಿದರೆ ನಿಲ್ಲುತ್ತದೆ, ಬಿಟ್ಟರೆ ಓಡುತ್ತದೆ. ಒಳಗೆ ನಾವಿಬ್ಬರೇ. ಎರಡನೇ ಮಹಡಿ... ಮೂರು... ನಾಲ್ಕು...

ಹೆಬ್ಬೆರಳಿನಿಂದ ಒತ್ತಿದೆ.

ಗಡಕ್ ಎಂದು ನಿಂತಿತು.

“ಕರೆಂಟ್ ಹೋಯ್ತಾ?” ಭಾವ ಕೇಳಿದರು.

ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ದೀಪ ಉರಿಯುತ್ತಿತ್ತು. ಭಾವ ಅವೆರಡನ್ನೂ ನೋಡಿದರು. ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಅವರ ಕಣ್ಣು ನನ್ನ ಭುಜದಿಂದ ತೋಳಿಗೆ, ತೋಳಿಂದ ಬೆರಳಿಗೆ ಇಳಿಯಿತು. ಅಲ್ಲೇ ನಿಂತಿತು.

“ಫೋನ್ ಕೂಡ ನೀನೇ ಬೇಕು ಅಂತ ಮಾಡಿದ್ದಾ?”

ಹೌದೆಂದು ತಲೆಯಾಡಿಸಿದೆ.

ಅವರು ತಮ್ಮ ಕೈಯನ್ನು ನನ್ನ ಕೈ ಮೇಲಿಟ್ಟು ಎಳೆದರು. ಮೆತ್ತಗಿನ ಕೈ. ನನಗೆ ಹನ್ನೆರಡು ವರ್ಷವಿದ್ದಾಗ ಸೈಕಲ್ಲಿನ ಸೀಟು ಹಿಡಿದು ಬೀದಿಯುದ್ದಕ್ಕೂ ಹಿಂದೆ ಓಡಿ ಬಂದ ಕೈ ಅದು. ಹೊಸದಾಗಿ ಮದುವೆಯಾಗಿದ್ದರು ಆಗ. ನನ್ನ ಬೆರಳು ಕದಲಲಿಲ್ಲ. ಗಟ್ಟಿಮುಟ್ಟಾದ ಆಳು ನಾನು. ಲೆಕ್ಕ ಬರೆಯುವವರ ಕೈಗೆ ಸೋಲುತ್ತೇನೆಯೇ?

ಕೈ ತೆಗೆದರು. ಬ್ಯಾಗಿನಿಂದ ಕವರು ಹೊರತೆಗೆದು ನನ್ನ ಮುಖದ ಮುಂದೆ ಹಿಡಿದರು.

“ಒಂದು ಪಾಯಿಂಟ್ ಎರಡು,” ಎಂದರು. “ಇದರೊಳಗೆ ಇರೋದು ಅಷ್ಟೇ. ಮೂರು ಸಲ ಎಣಿಸಿದೀನಿ. ನಾಳೆ ದುಡ್ಡು ಸಾಲದೆ ಬಂದಾಗ ಮೊದಲು ಯಾರನ್ನ ತೆಗೀತಾರೆ ಅಂತ ನಿನಗೆ ಗೊತ್ತಿದೆ ತಾನೆ?”

“ಗೊತ್ತು ಭಾವ.”

“ಗೊತ್ತಿದ್ದೂ ಹಿಡ್ಕೊಂಡಿದೀಯಾ?”

ಹಿಡಿದುಕೊಂಡೇ ಇದ್ದೆ. ನಾಲ್ಕು ನಿಮಿಷ. ಚಾಕುವಿನ ಮುಂದೆ ನಿಂತಿದ್ದೇನೆ, ಲಾಕಪ್ಪಿನಲ್ಲಿ ರಾತ್ರಿ ಕಳೆದಿದ್ದೇನೆ. ಆ ನಾಲ್ಕು ನಿಮಿಷದಷ್ಟು ಉದ್ದದ್ದು ಯಾವುದೂ ಇರಲಿಲ್ಲ. ಭಾವ ಕೂಗಲಿಲ್ಲ. ಬಾಗಿಲು ಬಡಿಯಲಿಲ್ಲ. ಗೋಡೆಗೆ ಒರಗಿ, ಕವರಿನ ಮೂಲೆಯ ಮಡಿಕೆಯನ್ನು ಉಗುರಿನಿಂದ ನೇರ ಮಾಡುತ್ತಾ ನಿಂತಿದ್ದರು. ಅವರು ಉಗಿದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಹತ್ತು ಗಂಟೆ ಒಂದು ನಿಮಿಷಕ್ಕೆ ಬೆರಳು ತೆಗೆದೆ.

ಆರನೇ ಮಹಡಿಯ ಬಾಗಿಲು ಮುಚ್ಚಿತ್ತು. ಹೊರಗೆ ನಿಂತಿದ್ದ ಜವಾನ, ನಿಮ್ಮ ಹಿಂದಿನ ಅಂಕಿಯನ್ನೇ ತೆಗೆದುಕೊಂಡುಬಿಟ್ಟರು ಸಾರ್ ಎಂದು ಬೇಜಾರಿನಿಂದ ಹೇಳಿದ. ಇಷ್ಟು ವರ್ಷದಲ್ಲಿ ಒಂದು ದಿನವೂ ತಡವಾಗಿ ಬಂದವರಲ್ಲ, ಏನಾಯಿತು ಎಂದು ಕೇಳಿದ.

ನಾನು ನೆಲ ನೋಡುತ್ತಿದ್ದೆ. ಈಗ ನನ್ನ ಕತೆ ಮುಗಿಯಿತು ಎಂದುಕೊಂಡೆ.

“ಲಿಫ್ಟ್ ಕೆಟ್ಟಿತ್ತು,” ಎಂದರು ಭಾವ.

ಅಷ್ಟೇ ಹೇಳಿ ಬೆಂಚಿನ ಮೇಲೆ ಕೂತು ಮಂಡಿಗೆ ಕರ್ಚೀಫು ಕಟ್ಟಿಕೊಂಡರು. ಒಳಗೆ ಯಾರೋ ಚಪ್ಪಾಳೆ ತಟ್ಟುತ್ತಿದ್ದರು. ನಾಲ್ಕು ಪಾಯಿಂಟ್ ಮೂರಂತೆ.

ಮೂರನೇ ದಿನ ಲೈಸೆನ್ಸ್ ಬಂತು. ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದೆ.

ಕಂಪನಿಗಳ ತೆರಿಗೆ ಇಳಿಯಿತು. ಲಾರಿಗಳು ನಿಂತಲ್ಲೇ ನಿಂತಿದ್ದವು. ಏಳು ತಿಂಗಳಿಗೆ ಬೊಕ್ಕಸದ ತಳ ಕಾಣಿಸಿತು. ಅಂದಾಜು ಹೇಗೆ ತಪ್ಪಿತೋ ತಿಳಿಯದು ಎಂದು ದೊಡ್ಡವರೆಲ್ಲ ಟೀವಿಯಲ್ಲಿ ಕೂತು ಆಶ್ಚರ್ಯಪಟ್ಟರು. ಆಮೇಲೆ ಆಸ್ಪತ್ರೆಯ ನೋಟಿಸ್ ಬೋರ್ಡಿನಲ್ಲಿ ಪಟ್ಟಿ ಬಂತು. ನೂರಾ ಹನ್ನೆರಡು ಜನ. ಅಕ್ಕನ ಹೆಸರು ಎರಡನೇ ಹಾಳೆಯಲ್ಲಿತ್ತು.

ಕಳೆದ ಭಾನುವಾರ ಊಟಕ್ಕೆ ಕರೆದಳು. ಹೋಗದೆ ಇರಲು ಏನೇನೋ ನೆಪ ಹುಡುಕಿದೆ, ಒಂದೂ ಸಿಗಲಿಲ್ಲ. ಒಗೆದು ಮಡಿಸಿದ ಎರಡು ಜೊತೆ ಯೂನಿಫಾರಂ ಕುರ್ಚಿಯ ಮೇಲಿದ್ದವು, ಆಸ್ಪತ್ರೆಗೆ ವಾಪಸು ಕೊಡಲು. ವಾರ್ಡಿನ ಒಂದು ಮಗು ಇವಳ ಕೈಯಿಂದಲ್ಲದೆ ಔಷಧಿ ಕುಡಿಯುವುದಿಲ್ಲವಂತೆ. ಈಗ ಯಾರು ಕುಡಿಸುತ್ತಾರೋ ಎಂಬ ಚಿಂತೆ ಅವಳಿಗೆ. ತನ್ನ ಬಗ್ಗೆ ಒಂದು ಮಾತಿಲ್ಲ.

ಭಾವ ಎದುರಿಗೆ ಕೂತು ಉಣ್ಣುತ್ತಿದ್ದರು. ಆ ದಿನದ್ದನ್ನು ಅವರು ಅಕ್ಕನಿಗೆ ಹೇಳಿಲ್ಲ. ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಿದ್ದಾರೆ. ನೀರಿನ ಜಗ್ಗು ನನ್ನ ಕಡೆ ಸರಿಸಿದರು. ಮುಖ ನೋಡಲಿಲ್ಲ.

ಕೈ ತೊಳೆದು ಬಂದಾಗ ಅಕ್ಕ ಒಂದು ಕವರು ಹಿಡಿದು ನಿಂತಿದ್ದಳು.

“ಭಾವನ ಅಂದಾಜು ಯಾವತ್ತೂ ತಪ್ಪಿದ್ದಿಲ್ಲ ಕಣೋ,” ಎಂದಳು. “ಅವತ್ತು ಸುಳ್ಳು ಸುದ್ದಿ ಹೇಳಿ ಯಾರೋ ಬೇಕಂತ್ಲೇ ತಡ ಮಾಡಿಸಿದಾರೆ. ಯಾರು ಹೇಳಿದ್ದು ಅಂತ ಇವರನ್ನ ಕೇಳಿದ್ರೆ ಬಾಯಿ ಬಿಡಲ್ಲ. ನಿನಗೀಗ ಲೈಸೆನ್ಸ್ ಇದೆಯಲ್ಲ, ಯಾರು ಅಂತ ಹುಡುಕು. ಪುಕ್ಕಟೆ ಬೇಡ, ಇದು ಅಡ್ವಾನ್ಸು.”

ಅವಳ ಕೊನೆಯ ಸಂಬಳದ ಕವರು. ಒಡೆದೂ ಇರಲಿಲ್ಲ.

ಭಾವನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು.

ತೆಗೆದುಕೊಂಡೆ. ಬೇಡ ಎಂದಿದ್ದರೆ, ಯಾಕೆ ಎಂದು ಕೇಳುತ್ತಿದ್ದಳು.