ಬೆವರಿದ ಗಾಜು

ಡ್ರಾಯರಿನಲ್ಲಿ ಲಕೋಟೆ ಇರಲಿಲ್ಲ.

ಉಮ್ಮ್ ಜಾಸಿಂ ಮೇಡಂ ಡ್ರಾಯರನ್ನು ಪೂರ್ತಿ ಎಳೆದು ಮೇಜಿನ ಮೇಲೆ ಮಗುಚಿದರು. ಗುಂಡಿಗಳು ಬಿದ್ದವು. ಸೀಮೆಸುಣ್ಣದ ತುಂಡುಗಳು ಬಿದ್ದವು. ಕಂದು ಲಕೋಟೆ ಮಾತ್ರ ಬೀಳಲಿಲ್ಲ.

"ಬೆಳಿಗ್ಗೆ ನಾನೇ ಇಟ್ಟಿದ್ದೆ," ಎಂದರು. ಅವರ ಮಾತು ಅರ್ಧ ಹಿಂದಿ, ಅರ್ಧ ಅರಬಿ.

ಅದರಲ್ಲಿದ್ದದ್ದು ನನ್ನ ಪಾಸ್‌ಪೋರ್ಟ್, ನಾಲ್ಕು ಫೋಟೊ, ಮತ್ತು ಮೇಡಂ ಸಹಿ ಹಾಕಿದ ಒಂದು ಕಾಗದ. 'ನೆಲ್ಲಿ ಎಂಬ ಈ ಹುಡುಗಿಗೆ ನನ್ನ ಹೊಲಿಗೆ ಅಂಗಡಿಯಲ್ಲಿ ಕೆಲಸ ಕೊಡುತ್ತೇನೆ, ಇವಳ ಜವಾಬ್ದಾರಿ ನನ್ನದು' ಎಂಬ ಕಾಗದ.

೧೯೮೩ರ ಆಗಸ್ಟ್. ಬುಧವಾರ, ಸಂಜೆ ನಾಲ್ಕೂಕಾಲು. ನನ್ನ ವಿಸಿಟ್ ವೀಸಾ ಶುಕ್ರವಾರಕ್ಕೆ ಮುಗಿಯುತ್ತಿತ್ತು. ಶುಕ್ರವಾರ ವೀಸಾ ಆಫೀಸಿಗೆ ರಜೆ. ಗುರುವಾರ ಹನ್ನೆರಡರೊಳಗೆ ಲಕೋಟೆ ಕೊಟ್ಟರೆ ಬಹ್ರೇನಿನಲ್ಲಿ ವಾಸದ ಪರವಾನಗಿ. ಇಲ್ಲದಿದ್ದರೆ ಬೊಂಬಾಯಿ ವಿಮಾನ, ಮತ್ತೆ ಊರು, ಮತ್ತೆ ಬೀಡಿ ಕಟ್ಟುವ ಮೊರ. ಆ ಮೊರಕ್ಕಾಗಿ ನಾನು ಏಳನೆಯಲ್ಲಿ ಶಾಲೆ ಬಿಟ್ಟವಳು. ಈಗ ನನ್ನ ತಂಗಿ ಏಳನೆಯಲ್ಲಿದ್ದಳು.

ಮಾಹೂಝಿನಲ್ಲಿ ನರ್ಸ್ ಆಗಿದ್ದ ಅಕ್ಕ ಕಾರ್ಮಿನ್‌ಳ ಮನೆಗೆಂದು ಬಂದವಳು ನಾನು. ಮೂರು ತಿಂಗಳು ಮನಾಮದ ಈ ಅಂಗಡಿಯಲ್ಲಿ ಕೂತು ಕೆಲಸ ಕಲಿತೆ. ಕಲಿಸಿದವರು ಹ್ಯೂಬರ್ಟ್ ಮಾಸ್ಟ್ರು, ನಮ್ಮೂರ ಕಡೆಯ ಕುಲಶೇಖರದವರು. ಅವರ ಮೊದಲ ಪಾಠ ಸೂಜಿಯದ್ದಲ್ಲ. "ಎಸಿ ಹಾಕದೆ ಸೂಜಿ ಮುಟ್ಬೇಡ ಮಗಾ. ಸಾಟಿನ್ ಮೇಲೆ ಬೆವರು ಬಿದ್ರೆ ಕಲೆ ಹೋಗುದಿಲ್ಲ."

* * *

ಬಿಸಿಲಿಗೆ ಅಂಗಡಿ ಹನ್ನೆರಡೂವರೆಯಿಂದ ನಾಲ್ಕರವರೆಗೆ ಮುಚ್ಚಿರುತ್ತಿತ್ತು.

"ಆ ಹೊತ್ತಲ್ಲಿ ಯಾರು ಬಂದಿದ್ರು?" ಎಂದರು ಮೇಡಂ.

"ನಾನು," ಎಂದ ಡ್ರೈವರ್ ಯೂಸುಫಣ್ಣ. "ಒಂದೂವರೆಗೆ. ಮುಹರ್ರಕ್‌ನಿಂದ ತಂದ ಬಟ್ಟೆ ಇಟ್ಟು ಎರಡು ನಿಮಿಷದಲ್ಲಿ ಹೋದೆ. ಒಳಗೆ ಒಲೆಯ ಹಾಗೆ ಸುಡ್ತಿತ್ತು, ಯಾರು ನಿಲ್ತಾರೆ?"

"ಕೀ ಇದ್ದವ ನೀನು, ಬಂದವ ನೀನು," ಎಂದರು ಹ್ಯೂಬರ್ಟ್ ಮಾಸ್ಟ್ರು. "ಲಕೋಟೆಗೇನು ಕಾಲು ಬಂತಾ?"

"ಕೀ ನಿಮ್ಮ ಹತ್ರವೂ ಉಂಟಲ್ಲ ಮಾಸ್ಟ್ರೇ."

"ಉಂಟು. ನಾನು ಉಂಡು ಮಲಗಿದ್ದೆ. ಅದೂ ಮಲಗಿತ್ತು."

ಗುಂಡಿ ಹಚ್ಚುತ್ತಿದ್ದ ಮೈಮೂನಕ್ಕ ತಲೆ ಎತ್ತಿದಳು. "ಯೂಸುಫ್, ನಿನ್ನ ಭಾವ ವೀಸಾ ವೀಸಾ ಅಂತಿದ್ದನಲ್ಲ?"

"ವೀಸಾ ಅನ್ನದವ ಊರಲ್ಲಿ ಯಾರಿದ್ದಾನೆ ಮಾರಾಯ್ತಿ? ಮಾಸ್ಟ್ರ ಭಾವ ಕೊಸ್ಮಸ್ ಕೇಳ್ಲಿಲ್ವಾ?"

ಅದು ನಿಜ. ಅಂಗಡಿಗೆ ಆ ವರ್ಷ ಒಬ್ಬರನ್ನು ಮಾತ್ರ ತೆಗೆದುಕೊಳ್ಳಲು ಅನುಮತಿ ಸಿಕ್ಕಿತ್ತು. ಕೇಳಿದವರು ಹಲವರು. ನನ್ನ ಕಸೂತಿ ನೋಡಿದ ಮೇಡಂ ನನ್ನ ಹೆಸರು ಬರೆದಿದ್ದರು.

ಎಲ್ಲ ಕಡೆ ಹುಡುಕಿದೆವು. ಬಟ್ಟೆಯ ತಾನುಗಳನ್ನು ಬಿಚ್ಚಿದೆವು. ಯೂಸುಫಣ್ಣ ಕೇಳುವ ಮೊದಲೇ ಕಾರಿನ ಸೀಟುಗಳನ್ನು ಕಿತ್ತು ತೋರಿಸಿದ. ಏನೂ ಸಿಗಲಿಲ್ಲ.

"ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಲಕೋಟೆ ಈ ಮೇಜಿನ ಮೇಲಿರಬೇಕು," ಎಂದರು ಮೇಡಂ. "ಇಲ್ಲದಿದ್ದರೆ ಯೂಸುಫ್, ನಿನ್ನ ವೀಸಾ ಕ್ಯಾನ್ಸಲ್."

ಯೂಸುಫಣ್ಣನ ಮುಖ ಬಿಳಿಚಿತು. ನನಗೆ ಒಂದು ಮಾತು ಹೇಳಬೇಕಿತ್ತು. ನಾಲ್ಕು ಜನರ ಎದುರು ಮಾತಾಡಿ ನನಗೆ ಅಭ್ಯಾಸವಿರಲಿಲ್ಲ. ಹೇಳಲಿಲ್ಲ.

ಹೇಳಬೇಕಿದ್ದದ್ದು ಇಷ್ಟೇ: ಆ ದಿನ ನಾನು ನಾಲ್ಕಕ್ಕೆ ಹತ್ತು ನಿಮಿಷ ಇರುವಾಗಲೇ ಬಂದಿದ್ದೆ. ಬಾಗಿಲಿಗೆ ಬೀಗ. ಆದರೆ ಬಾಗಿಲ ಗಾಜಿನ ಹೊರಮೈ ಬೆವರಿತ್ತು. ಹೊತ್ತು ಹೋಗದೆ ಅದರ ಮೇಲೆ ಬೆರಳಿನಿಂದ ನನ್ನ ಹೆಸರು ಬರೆದಿದ್ದೆ.

* * *

ಗುರುವಾರ ಎಂಟಕ್ಕೆ ಯೂಸುಫಣ್ಣ ಬೀಗ ತೆಗೆದುಕೊಟ್ಟು ಹೋದ. ನಾನು ಇಸ್ತ್ರಿ ಮೇಜಿನ ಮುಂದೆ ನಿಂತೆ. ಯಾವುದಾದರೂ ಕೆಲಸ ಮಾಡದಿದ್ದರೆ ಅಳು ಬರುತ್ತಿತ್ತು.

ಇಸ್ತ್ರಿಪೆಟ್ಟಿಗೆ ಇಡಲು ಹೋದೆ. ಕೈ ನಿಂತಿತು. ಹೊದಿಕೆಯಲ್ಲಿ ಒಂದು ಸುಟ್ಟ ಕಲೆ ಉಂಟು, ಯಾವಾಗಲೂ ನನ್ನ ಎಡಗೈ ಬದಿಗೆ. ಈ ದಿನ ಬಲಗೈ ಬದಿಗಿತ್ತು.

ಕೂತು ಮೇಜಿನ ಅಡಿ ನೋಡಿದೆ. ಹೊದಿಕೆಯ ಅಂಚಿಗೆ ಹೊಸ ನೂಲು. ಉದ್ದಕ್ಕೂ ಕೈಹೊಲಿಗೆ, ಅಕ್ಕಿಕಾಳಿನಷ್ಟು ಸಣ್ಣದು, ಒಂದೇ ಅಳತೆಯದು. ಆ ಹೊಲಿಗೆ ನನಗೆ ಗೊತ್ತಿತ್ತು. ಅದನ್ನು ಕಲಿಯಲು ನನಗೆ ಎರಡು ತಿಂಗಳು ಹಿಡಿದಿತ್ತು.

ಕತ್ತರಿ ತೆಗೆದುಕೊಂಡೆ. ಹೊದಿಕೆಯೊಳಗಿನ ಕಂಬಳಿಯ ಎರಡು ಪದರದ ನಡುವೆ ಲಕೋಟೆ ಇತ್ತು.

ಸಂತೋಷವಾಗಬೇಕಿತ್ತು. ಮೊದಲು ಬಂದದ್ದು ಸಂಕಟ.

* * *

ಒಂಬತ್ತಕ್ಕೆ ಎಲ್ಲರೂ ಸೇರಿದರು. ಲಕೋಟೆ ಮೇಜಿನ ಮೇಲಿತ್ತು.

"ನೋಡಿ, ಹೆದರಿ ತಂದಿಟ್ಟ," ಎಂದರು ಮಾಸ್ಟ್ರು.

"ಯೂಸುಫಣ್ಣ ಅಲ್ಲ, ಮೇಡಂ." ನನ್ನ ಸ್ವರ ನನಗೇ ಹೊಸದಾಗಿ ಕೇಳಿಸಿತು. "ಅವರು ಬಂದಾಗ ಒಳಗೆ ಸುಡ್ತಿತ್ತು. ನಾನು ನಾಲ್ಕರ ಹತ್ತಿರ ಬಂದಾಗ ಗಾಜು ಹೊರಗಿನಿಂದ ಬೆವರಿತ್ತು."

ಬಹ್ರೇನಿನ ಆಗಸ್ಟಿನಲ್ಲಿ ಅದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಒಳಗೆ ಗಂಟೆಗಟ್ಟಲೆ ಎಸಿ ಓಡಿದರೆ ಮಾತ್ರ ಹೊರಗಿನ ಸೆಕೆ ಗಾಜಿನ ಮೇಲೆ ನೀರಾಗುತ್ತದೆ.

"ಒಬ್ಬರು ಯೂಸುಫಣ್ಣನ ನಂತರ ಬಂದು ತುಂಬ ಹೊತ್ತು ಕೂತಿದ್ದಾರೆ. ಲಕೋಟೆ ಕದಿಯಲು ಒಂದು ನಿಮಿಷ ಸಾಕು. ಇಸ್ತ್ರಿ ಮೇಜಿನ ಹೊದಿಕೆ ಬಿಚ್ಚಿ, ಅದನ್ನು ಒಳಗಿಟ್ಟು, ಮತ್ತೆ ಹೊಲಿಯಲು ಗಂಟೆ ಬೇಕು. ಹೊಲಿಯುವ ಗಡಿಬಿಡಿಯಲ್ಲಿ ಹೊದಿಕೆ ತಿರುಗಿಹೋಗಿದೆ."

"ಯೂಸುಫ್ ಎಸಿ ಹಾಕಿ ಕೂತಿರಬಹುದು," ಎಂದರು ಮಾಸ್ಟ್ರು.

"ನಾನಾ?" ಎಂದ ಯೂಸುಫಣ್ಣ. "ಅಂಗಿಯ ಗುಂಡಿ ಹೋದ್ರೂ ಮೈಮೂನಕ್ಕನ ಹತ್ರ ಬೈಸಿಕೊಂಡು ಹಾಕಿಸ್ತೇನೆ."

ಮೈಮೂನಕ್ಕ ಮೇಜಿನ ಅಡಿ ಬಗ್ಗಿ, ನಾನು ಕತ್ತರಿಸದೆ ಉಳಿದ ಹೊಲಿಗೆಯನ್ನು ನೋಡಿದಳು. "ಯಾ ಅಲ್ಲಾ. ಇದು ನನ್ನ ಕೈಯಲ್ಲೂ ಬರುದಿಲ್ಲ. ನನಗೆ ಕೀಯೂ ಇಲ್ಲ."

ಮೇಡಂ ಬಿಟ್ಟರೆ ಕೀ ಇದ್ದವರು ಇಬ್ಬರು. ಸೂಜಿ ಹಿಡಿಯಲು ಬರುವವರು ಅವರಲ್ಲಿ ಒಬ್ಬರು.

"ಕಳ್ಳ ಹೊಲಿಗೆಯನ್ನಾದರೂ ಒರಟಾಗಿ ಹಾಕಬಹುದಿತ್ತು, ಮಾಸ್ಟ್ರೇ," ಎಂದೆ. "ಎಸಿ ಇಲ್ಲದೆ ಹಾಕಬಹುದಿತ್ತು. ನಿಮ್ಮಿಂದ ಎರಡೂ ಆಗಲಿಲ್ಲ."

ಮಾಸ್ಟ್ರು ಸ್ಟೂಲಿನ ಮೇಲೆ ಕುಸಿದರು. "ಸುಡ್ಲಿಕ್ಕೆ ಮನಸ್ಸು ಬರ್ಲಿಲ್ಲ ಮಗಾ. ಪಾಸ್‌ಪೋರ್ಟಲ್ವಾ? ನಿನ್ನ ದಿನ ಮುಗಿದ ಮೇಲೆ, ಶನಿವಾರ, ಇಲ್ಲೇ ಸಿಕ್ಕಿತು ಅಂತ ಕೊಡ್ತಿದ್ದೆ. ಕೊಸ್ಮಸ್‌ಗೆ ಜಾಗ ಆಗ್ತಿತ್ತು. ಮನೆಯಲ್ಲಿ ಹೆಂಡತಿ ದಿನಾ ಕೇಳ್ತಾಳೆ..."

"ನನ್ನ ವೀಸಾ ಹೋದ್ರೆ?" ಎಂದ ಯೂಸುಫಣ್ಣ.

ಮೇಡಂ ಪೆನ್ನು ತೆಗೆದರು. "ಹ್ಯೂಬರ್ಟ್, ನಿನ್ನ ಜವಾಬ್ದಾರಿಯೂ ನನ್ನದೇ. ಕ್ಯಾನ್ಸಲ್ ಮಾಡಲು ಒಂದು ಸಹಿ ಸಾಕು."

"ಬೇಡ, ಮೇಡಂ," ಎಂದೆ. "ನೀವು ನೋಡಿ ಮೆಚ್ಚಿದ ಕಸೂತಿ ಇವರು ಕಲಿಸಿದ್ದು. ಇವರಿಲ್ಲದಿದ್ದರೆ ಈ ಲಕೋಟೆಯೇ ಇರುತ್ತಿರಲಿಲ್ಲ."

ಮೇಡಂ ಯೂಸುಫಣ್ಣನ ಕಡೆ ತಿರುಗಿದರು. "ನಾನು ತಪ್ಪು ಮಾಡಿದೆ, ಯೂಸುಫ್. ಇವನನ್ನು ಏನು ಮಾಡಲಿ, ನೀನೇ ಹೇಳು."

ಅವನು ಗಡ್ಡ ಕೆರೆದ. "ಹುಡುಗಿಯೇ ಬಿಟ್ಟುಬಿಟ್ಟಳಲ್ಲ. ನಾನು ಸಿಟ್ಟು ಕಟ್ಟಿಕೊಂಡು ಏನು ಮಾಡ್ಲಿ? ಆದರೆ ಆ ಆಫೀಸಿನ ಕ್ಯೂನಲ್ಲಿ ಇವತ್ತು ಮಾಸ್ಟ್ರೇ ನಿಲ್ಲಲಿ. ಅಲ್ಲಿ ಎಸಿ ಇಲ್ಲ."

ಮೈಮೂನಕ್ಕ ನಕ್ಕೇಬಿಟ್ಟಳು. ಮೇಡಂ ನಗಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ಮಾಸ್ಟ್ರ ಮುಂದೆ ಕೈ ಚಾಚಿದರು. "ಕೀ."

* * *

ಹನ್ನೆರಡೂಕಾಲಿಗೆ ಮಾಸ್ಟ್ರು ಬಂದರು. ಅಂಗಿ ಮೈಗೆ ಅಂಟಿತ್ತು. ಕೈಯನ್ನು ಟವಲಿಗೆ ಎರಡು ಸಲ ಒರೆಸಿ, ಆಮೇಲೆ ಪಾಸ್‌ಪೋರ್ಟ್ ಚಾಚಿದರು. ಹೊಸ ಮೊಹರಿನ ನೀಲಿ ಶಾಯಿ ಒಂದಿಷ್ಟೂ ಹರಡಿರಲಿಲ್ಲ. ಮೇಡಂ ಅದನ್ನು ನೋಡಿ ನನ್ನ ತಲೆ ಸವರಿದರು. ನನಗೆ ಉಪಕಾರ ನೆನೆಯುವ 'ಶುಕ್ರನ್' ಎಂಬ ಒಂದೇ ಅರಬಿ ಮಾತು ಬರುತ್ತಿತ್ತು. ಅದನ್ನೇ ಹೇಳಿದೆ, ಎಷ್ಟು ಸಲ ಎಂದು ನೆನಪಿಲ್ಲ.

ಶನಿವಾರ ಬೆಳಿಗ್ಗೆ ಅಂಗಡಿ ತೆರೆದದ್ದು ನಾನು. ಮಾಸ್ಟ್ರ ಕೀ ಈಗ ನನ್ನಲ್ಲಿತ್ತು. ಅವರು ಬಾಗಿಲ ಹೊರಗೇ ನಿಂತಿದ್ದರು.

"ಬನ್ನಿ ಮಾಸ್ಟ್ರೇ."

ಒಳಗೆ ಬಂದು ತಮ್ಮ ಜಾಗದಲ್ಲಿ ಕೂತರು. ನಾನು ಸೂಜಿಗೆ ನೂಲು ಪೋಣಿಸಿದೆ.

"ಎಸಿ ಹಾಕಿದ್ಯಾ?" ಎಂದರು, ತಲೆ ಎತ್ತದೆ.

"ಹಾಕಿದ್ದೇನೆ," ಎಂದೆ.